ಅವರ ಕಿವಿ ಕೆಂಪಾದಾಗಿನ ಬಣ್ಣ

ಅಜ್ಜಿಯ ಕತೆಗಳಲ್ಲಿ ರಾಜಕುಮಾರರು ಕುದುರೆ ಏರಿ ಬರುತ್ತಿದ್ದರು. ಇವರು ಬಂದದ್ದು ಮೂರನೇ ಮಹಡಿಯಿಂದ, ಮೆಟ್ಟಿಲಿಳಿದು. ಲಿಫ್ಟ್ ಮಾಡುವ ಕಂಪನಿಯವರು ಮೆಟ್ಟಿಲಲ್ಲಿ ಬಂದರೆಂದರೆ ಒಂದೋ ಲಿಫ್ಟ್ ಕೆಟ್ಟಿರಬೇಕು, ಇಲ್ಲವೇ ತಾಳ್ಮೆ ಕೆಟ್ಟಿರಬೇಕು.

ಲಿಫ್ಟ್ ಕೆಟ್ಟಿರಲಿಲ್ಲ.

ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಬಣ್ಣದ ಕಾರ್ಡು. ಅದನ್ನು ನೇರ ತಂದು ಅವಳ ಕಂಪ್ಯೂಟರಿನ ಪರದೆಗೆ ಒತ್ತಿ ಹಿಡಿದರು.

"ಇದು ನಮ್ ಬಣ್ಣ ಅಲ್ಲ."

"ನಮಸ್ಕಾರ," ಎಂದಳು ಅವಳು.

"ಹಾಂ... ನಮಸ್ಕಾರ. ಇದು ನಮ್ ಬಣ್ಣ ಅಲ್ಲ."

ಅವಳು ತಲೆಯೆತ್ತಿ ನೋಡಿದಳು. ಉದ್ದ ಬೆರಳು, ಮಡಿಸಿದ ತೋಳು, ಹುಬ್ಬುಗಳ ನಡುವೆ ಒಂದು ಪುಟ್ಟ ಗಂಟು. ಕಂಪನಿಯ ವಿಸಿಟಿಂಗ್ ಕಾರ್ಡಿನಿಂದ ಹಿಡಿದು ಲಿಫ್ಟಿನ ಬಾಗಿಲವರೆಗೆ ಎಲ್ಲೆಲ್ಲಿ ಯಾವ ಬಣ್ಣ ಇರಬೇಕೆಂದು ಕಾಯುವ ಬ್ರ್ಯಾಂಡ್ ವಿಭಾಗದವರು ಇವರೇ. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಬಣ್ಣದ ಸಾಹೇಬರು ಎಂದು.

"ನಿಮ್ಮ ಬಣ್ಣದ ಮೇಲೆ ಬಿಳಿ ಅಕ್ಷರ ಕಾಣಲ್ಲ ಸರ್. ಅದಕ್ಕೇ ಗಾಢ ಮಾಡ್ದೆ."

"ನಂಗೆ ಕಾಣುತ್ತಲ್ಲ."

"ನಿಮಗೆ ಕಾಣುತ್ತೆ. ಅಕ್ಕನಿಗೆ ಕಾಣಲ್ಲ."

ಅಕ್ಕ ಎಂದರೆ ಕರೆ ಕೋಣೆಯ ಅಕ್ಕ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಬಿದ್ದು ಕೆಂಪು ಗುಂಡಿ ಒತ್ತಿದರೆ ಮೊದಲು ಕೇಳಿಸುವುದು ಅವರ ದನಿ. "ಹೆದರ್ಬೇಡಿ, ನಾನಿದ್ದೀನಿ," ಎಂದು ಅವರು ಒಮ್ಮೆ ಹೇಳಿದರೆ ಅಳುವ ಮಗುವೂ ಸುಮ್ಮನಾಗುತ್ತಿತ್ತು. ಇಪ್ಪತ್ತೆಂಟು ವರ್ಷದ ದನಿ. ಆದರೆ ಕಣ್ಣು ಮಂಜಾಗುತ್ತ ಬಂದಿತ್ತು. ಮುಂದಿನ ಸೋಮವಾರದಿಂದ ಕರೆ ಕೋಣೆಗೆ, ಅವಳೇ ಪರದೆ ರೂಪಿಸುತ್ತಿದ್ದ ಹೊಸ ಸಾಫ್ಟ್‌ವೇರ್. ಕಂಪನಿಯ ಬಣ್ಣವೋ ಹಣ್ಣಾಗುತ್ತಿರುವ ಪಪ್ಪಾಯಿಯ ತಿಳಿ ಕಿತ್ತಳೆ. ಅದರ ಮೇಲೆ ಬಿಳಿ ಅಕ್ಷರ ಇಟ್ಟರೆ ಹಾಲಿಗೆ ಬಿದ್ದ ಮಲ್ಲಿಗೆಯ ಹಾಗೆ, ಇದೆಯೋ ಇಲ್ಲವೋ ತಿಳಿಯದು. ತಾಲೀಮಿನ ದಿನ ಅಕ್ಕ 'ಮೆಕ್ಯಾನಿಕ್ ಕಳಿಸಿ' ಒತ್ತುವ ಬದಲು 'ಕರೆ ಮುಗಿಯಿತು' ಒತ್ತಿಬಿಟ್ಟಿದ್ದರು. ಮ್ಯಾನೇಜರು ಮೆತ್ತಗೇ ಹೇಳಿದ್ದರು: ಇನ್ನೊಂದು ಸಲ ಹೀಗಾದರೆ ಅಕ್ಕ ಹಳೇ ಫೈಲುಗಳ ಕೋಣೆಗೆ.

"ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕನಿಷ್ಠ ನಾಲ್ಕೂವರೆ ಪಟ್ಟು ವ್ಯತ್ಯಾಸ ಇರ್ಬೇಕು," ಎಂದಳು ಅವಳು. "ನಿಮ್ದು ಎರಡು ಚಿಲ್ಲರೆ."

"ಅಕ್ಷರ ಕಪ್ಪು ಮಾಡೋಣ್ವಾ ಅಂತ ಮಾತ್ರ ಕೇಳ್ಬೇಡಿ. ನಮ್ ಬಣ್ಣದ ಮೇಲೆ ಅಕ್ಷರ ಯಾವಾಗ್ಲೂ ಬಿಳಿ. ಬ್ರ್ಯಾಂಡ್ ಪುಸ್ತಕ, ಮೂರನೇ ಪುಟ."

"ಆ ಪುಸ್ತಕ ಅಕ್ಕನಿಗೆ ಓದೋಕಾಗುತ್ತಾ, ಒಂದ್ಸಲ ಕೇಳಿ ನೋಡಿ."

ಹುಬ್ಬಿನ ಗಂಟು ಕೊಂಚ ಸಡಿಲಾಯಿತು. ಅವರು ಕಾರ್ಡು ಜೇಬಿಗಿಟ್ಟು, "ನಾಳೆ ಬರ್ತೀನಿ," ಎಂದರು. ಬಂದರು. ಮರುದಿನವೂ ಬಂದರು.

ಆ ಸಾಫ್ಟ್‌ವೇರಿಗೆ ಒಂದು ಹಟವಿತ್ತು. ಬಣ್ಣ ಬದಲಿಸಿ ಉಳಿಸಬೇಕೆಂದರೆ ಪ್ರತಿ ಸಲವೂ ಒಂದು ಹೆಸರು ಕೊಡಬೇಕು; ಹೆಸರಿಲ್ಲದ ಬಣ್ಣವನ್ನು ಅದು ಮುಟ್ಟುತ್ತಿರಲಿಲ್ಲ. ಪ್ರಯತ್ನ ಒಂದು, ಪ್ರಯತ್ನ ಎರಡು ಎಂದು ಬರೆದು ಬರೆದು ಬೇಸರವಾಗಿ, ಮೂರನೆಯದಕ್ಕೆ 'ಸಾಹೇಬ್ರ ಹುಬ್ಬುಗಂಟು' ಎಂದು ಬರೆದಳು. ಯಾರು ನೋಡುತ್ತಾರೆ? ನಾಲ್ಕನೆಯದು 'ಮೆಟ್ಟಿಲ ಸದ್ದು'. ಯಾಕೆಂದರೆ ಹನ್ನೊಂದು ಗಂಟೆಗೆ ಆ ಸದ್ದು ಕೇಳಿದೊಡನೆ ಅವಳ ಎದೆಯಲ್ಲಿ ಯಾರೋ ಗೆಜ್ಜೆ ಕೊಡವಿದ ಹಾಗಾಗುತ್ತಿತ್ತು. ಐದನೆಯದು 'ಟೀ ಆರಿಹೋದ ದಿನ'. ಅಂದು ಇಬ್ಬರೂ ಒಂದೇ ಪರದೆಗೆ ಬಾಗಿ, ಇನ್ನು ಸ್ವಲ್ಪ ಕೆಂಪು, ಬೇಡ ಸ್ವಲ್ಪ ಕಮ್ಮಿ ಎಂದು ಜಗಳವಾಡುತ್ತಾ ಎದುರಿನ ಟೀ ಮರೆತೇಬಿಟ್ಟಿದ್ದರು.

"ನೀವು ಚಿಕ್ಕಂದಿನಿಂದ್ಲೂ ಹೀಗೇನಾ? ಬಾಯಿ ಮುಚ್ಚೋದೇ ಇಲ್ವಾ?" ಎಂದು ಅವರು ಕೇಳಿದ್ದೂ ಅಂದೇ.

"ನಮ್ಮಜ್ಜಿ ಕೆಡಿಸಿದ್ದು. ಅವರು ಕತೆ ಹೇಳುವಾಗ ನಾನು ಹೂಂಗುಡ್ತಾ ಇರ್ಬೇಕಿತ್ತು. ಹೂಂ ನಿಲ್ಲಿಸಿದ್ರೆ ಕತೆನೂ ನಿಂತ್ಹೋಗ್ತಿತ್ತು. ರಾಜಕುಮಾರಿ ಪಾಪ ಬೆಳಗಾಗೋವರೆಗೂ ರಾಕ್ಷಸನ ಮನೇಲೇ!"

"ಈಗ?"

"ಈಗ ಕತೆ ಹೇಳೋದು ನಾನು. ಹೂಂ ಅನ್ನೋರೇ ಇಲ್ಲ. ಅಜ್ಜಿ ಅರ್ಧಕ್ಕೇ ಗೊರಕೆ."

ಅವರು ನಕ್ಕರು. ಅಯ್ಯೋ, ಆ ನಗುವೇ! ಮೊದಲು ಒಂದು ಕೆನ್ನೆಯಲ್ಲಿ, ಆಮೇಲೆ ಯೋಚಿಸಿ ಇನ್ನೊಂದು ಕೆನ್ನೆಯಲ್ಲಿ. ಆರನೆಯ ಬಣ್ಣಕ್ಕೆ ಹೆಸರು ತಾನಾಗಿ ಸಿಕ್ಕಿತು.

ಏಳನೆಯದು ಬುಧವಾರದ್ದು.

"ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ," ಎಂದಳು. "ಲಿಫ್ಟ್ ಕಂಪನಿಯವರು ದಿನಾ ಮೆಟ್ಟಿಲು ಯಾಕೆ ಹತ್ತಿಳೀತೀರಿ?"

ಅವರು ಆಚೀಚೆ ನೋಡಿದರು. ಬಗ್ಗಿ, ಬಲು ಮೆಲ್ಲಗೆ: "ಲಿಫ್ಟ್ ಅಂದ್ರೆ ನಂಗೆ ಭಯ. ಯಾರಿಗೂ ಹೇಳ್ಬೇಡಿ."

ಹೇಳುತ್ತಿದ್ದಂತೆ ಅವರ ಕಿವಿಗಳು ತುದಿಯಿಂದ ಬುಡದವರೆಗೆ ಕೆಂಪಾದವು. ಬರೀ ಕೆಂಪಲ್ಲ, ಸುಟ್ಟ ಇಟ್ಟಿಗೆಗೆ ಸಂಜೆ ಬಿಸಿಲು ಬಿದ್ದಂಥ ಕೆಂಗಿತ್ತಳೆ. ಅವರು ಹೋದ ಮೇಲೆ ಕಣ್ಣಲ್ಲಿ ಉಳಿದಿದ್ದ ಆ ಬಣ್ಣವನ್ನೇ ಹಾಗೇ ಬೆರೆಸಿ ನೋಡಿದಳು. ಬಿಳಿ ಅಕ್ಷರ ಇಟ್ಟಳು. ಪರೀಕ್ಷೆಯ ಅಂಕಿ ಬಂತು: ಐದು ಪಾಯಿಂಟ್ ಎರಡು! ಕುರ್ಚಿಯಲ್ಲೇ ಒಂದು ಸುತ್ತು ತಿರುಗಿಬಿಟ್ಟಳು. ಹೆಸರಿನ ಜಾಗದಲ್ಲಿ 'ಅವರ ಕಿವಿ ಕೆಂಪಾದಾಗ' ಎಂದು ಬರೆದಳು.

ಗುರುವಾರ ಬೆಳಿಗ್ಗೆ ಅಕ್ಕನಿಗೆ ಮಾತ್ರ ತೋರಿಸಿ ನೋಡೋಣವೆಂದು 'ಹಂಚು' ಗುಂಡಿ ಒತ್ತಿದಳು. ಒತ್ತಿದ್ದು ಒಂದು ಬಣ್ಣಕ್ಕೆ ಎಂದುಕೊಂಡಿದ್ದಳು. ಹೋದದ್ದು ಇಡೀ ಕಡತ, ಇಡೀ ಆಫೀಸಿಗೆ.

ಐದೇ ನಿಮಿಷ. ಲೆಕ್ಕಪತ್ರದ ಕಡೆಯಿಂದ ಒಂದು ಕಿಸಕ್ ನಗು. ಆಮೇಲೆ ಉಗ್ರಾಣದ ಕಡೆಯಿಂದ. ಆಮೇಲೆ ಎಲ್ಲ ಕಡೆಯಿಂದ.

"ರೀ, ನಾನು ಪರದೆಗೆ 'ಮೆಟ್ಟಿಲ ಸದ್ದು' ಹಾಕ್ಕೊಂಡಿದ್ದೀನಿ, ಚೆನ್ನಾಗಿದೆ!"

"ನಂಗೆ 'ಸಾಹೇಬ್ರ ನಗು'. ಸ್ವಲ್ಪ ಕಣ್ಣು ಕುಕ್ಕುತ್ತಪ್ಪ!"

ಎಲ್ಲರ ಪರದೆಯಲ್ಲೂ ಏಳು ಹೆಸರುಗಳು ಸಾಲಾಗಿ ನಿಂತಿದ್ದವು. ಗಡಬಡಿಸಿ ಹಂಚಿದ್ದನ್ನು ಹಿಂದಕ್ಕೆ ಪಡೆದಳು. ಆದರೆ ಅಷ್ಟರಲ್ಲಿ ಹೋಗಬೇಕಾದ ಕಡೆಗೆಲ್ಲ ಸುದ್ದಿ ಹೋಗಿತ್ತು, ಮೂರನೇ ಮಹಡಿಗೂ.

ಅಂದು ಹನ್ನೊಂದು ಗಂಟೆಗೆ ಮೆಟ್ಟಿಲು ಸದ್ದು ಮಾಡಲಿಲ್ಲ. ಹನ್ನೆರಡಕ್ಕೂ ಇಲ್ಲ.

ಮಾನ ಹೋದದ್ದು ಹೋಗಲಿ. ಗಾಢ ಬಣ್ಣಕ್ಕೆ ಅವರ ಸಹಿ ಇಲ್ಲದೆ ಮ್ಯಾನೇಜರು ಒಪ್ಪುವುದಿಲ್ಲ. ತನ್ನ ಹುಡುಗಾಟಕ್ಕೆ ಅಕ್ಕನ ಕುರ್ಚಿ ಹೋಗುತ್ತದಲ್ಲ!

ಸಂಜೆ ಮನೆಯಲ್ಲಿ ಅಜ್ಜಿಯ ತೊಡೆಗೆ ಮುಖ ಒತ್ತಿ ಎಲ್ಲ ಹೇಳಿದಳು. ಅಂದು ಅಜ್ಜಿ ಗೊರಕೆ ಹೊಡೆಯಲಿಲ್ಲ.

"ಕೋಪ ಬಂದಿದ್ರೆ ಬಂದು ಬೈದಿರೋನು ಕಣೇ ಪುಟ್ಟಿ. ಬರ್ಲಿಲ್ಲ ಅಂದ್ರೆ ಏನೋ ಹುಡುಕ್ತಿದ್ದಾನೆ."

"ಏನನ್ನ?"

"ನಂಗೇನ್ ಗೊತ್ತು? ನನ್ ಕತೇಲಾದ್ರೆ ಏಳು ಸಮುದ್ರದಾಚೆ ಹೋಗಿರ್ತಿದ್ದ. ಇವ್ನು ಎಷ್ಟು ದೂರ ಹೋಗ್ತಾನೋ!"

ಶುಕ್ರವಾರ ಮಧ್ಯಾಹ್ನ ಟಿಂಗ್ ಎಂದು ಸದ್ದಾಯಿತು. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಗೋಡೆಗೆ ಬೆನ್ನು ಅಂಟಿಸಿ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವರು ನಿಂತಿದ್ದರು.

ಅವಳು ಎದ್ದೇ ನಿಂತಳು. "ಲಿಫ್ಟಲ್ಲಿ ಬಂದ್ರಾ?"

"ಮೆಟ್ಟಿಲಿಳಿಯೋಕೆ ಟೈಮಿಲ್ಲ. ಬನ್ನಿ ಬೇಗ!"

ಮುಂಬಾಗಿಲ ಹಜಾರದ ಕಿಟಕಿಯ ಪಕ್ಕ ಕಂಪನಿಯ ಮೊಟ್ಟಮೊದಲ ಲಿಫ್ಟಿನ ಬಾಗಿಲನ್ನು ನೆನಪಿಗೆಂದು ನಿಲ್ಲಿಸಿದ್ದರು. ಅದೇ ಪಪ್ಪಾಯಿ ಬಣ್ಣ. ನಡುವೆ '1' ಎಂದು ಕೆತ್ತಿದ ಹಿತ್ತಾಳೆ ಫಲಕ. ಅವರು ಮಂಡಿಯೂರಿ ಒಂದು ಸ್ಕ್ರೂ ಬಿಚ್ಚಿದರು, ಎರಡು, ಮೂರು. ಫಲಕ ಓರೆಯಾಗಿ ಜಾರಿತು.

ಕೆಳಗಿದ್ದ ಬಣ್ಣ ನೋಡಲು ಅವಳೂ ಮಂಡಿಯೂರಿದಳು. ಬಿಸಿಲು ಮುಟ್ಟದ, ಅಂಗೈಯಷ್ಟು ಅಗಲದ ಒಂದು ಚೌಕ. ಸುಟ್ಟ ಇಟ್ಟಿಗೆಯ ಕೆಂಗಿತ್ತಳೆ.

"ಆರು ವರ್ಷದ ಹಿಂದೆ ಬ್ರ್ಯಾಂಡ್ ಪುಸ್ತಕಕ್ಕೆ ಈ ಬಾಗಿಲಿಂದಾನೇ ಬಣ್ಣ ಅಳೆದಿದ್ದು," ಎಂದರು ಅವರು. "ವರ್ಷಗಟ್ಟಲೆ ಬಿಸಿಲಿಗೆ ನಿಂತು ಮಾಸಿಹೋದ ಬಣ್ಣಾನ ನಮ್ದು, ನಮ್ದು ಅಂತ ಕಾಯ್ತಾ ಕೂತಿದ್ದೆ. ಅಳೆದ ಬುದ್ಧಿವಂತ ನಾನೇ."

"ಫಲಕದ ಕೆಳಗೆ ನೋಡ್ಬೇಕು ಅಂತ ಹೇಗೆ ಹೊಳೀತು?"

ಅವರು ಸ್ಕ್ರೂಗಳನ್ನು ಅಂಗೈಯಲ್ಲಿ ಉರುಳಿಸುತ್ತಾ ಕೂತರು. "ನಿನ್ನೆ ಆ ಏಳನೇದನ್ನ ಓದಿದ ಮೇಲೆ ಕನ್ನಡಿ ಮುಂದೆ ನಿಂತೆ. ಈ ಬಣ್ಣ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು. ಇವತ್ತು ಬೆಳಿಗ್ಗೆ ಬರುವಾಗ ಸ್ಕ್ರೂ ಪಕ್ಕ ಒಂದು ಕೂದಲೆಳೆಯಷ್ಟು ಇಣುಕ್ತಿತ್ತು."

ಅವಳು ಮೊಬೈಲಿನಲ್ಲಿ ಏಳನೆಯ ಬಣ್ಣ ತೆರೆದು ಚೌಕದ ಪಕ್ಕ ಹಿಡಿದಳು. ಎರಡಕ್ಕೂ ನಡುವೆ ಗೆರೆ ಹುಡುಕಬೇಕಿತ್ತು. ಆಮೇಲೆ ಬೇಕೆಂದೇ ಅದನ್ನು ಅವರ ಕಿವಿಯ ಹತ್ತಿರ ಹಿಡಿದಳು.

"ಏನ್ ಮಾಡ್ತಿದ್ದೀರಿ?"

"ಅಳತೆ ಸರಿ ಇದೆಯಾ ಅಂತ."

ಅಳತೆ ಕ್ಷಣಕ್ಷಣಕ್ಕೂ ಇನ್ನಷ್ಟು ಸರಿಯಾಗುತ್ತಿತ್ತು.

ಸುದ್ದಿ ಕೇಳಿ ದೊಡ್ಡ ಮೇಡಂ ಕೆಳಗಿಳಿದು ಬಂದರು. ಕಂಪನಿ ಕಟ್ಟಿದವರ ಮಗಳು. ಬಗ್ಗಿ ನೋಡಿ, ಆ ಚೌಕದ ಮೇಲೆ ಬೆರಳಾಡಿಸಿ, "ಅಪ್ಪನ ಅಂಗಿ ಮೇಲೆಲ್ಲಾ ಇದೇ ಬಣ್ಣ ಮೆತ್ತಿರ್ತಿತ್ತು," ಎಂದಷ್ಟೇ ಹೇಳಿದರು. ಮೂರು ಗಂಟೆಗೆ ಏಳನೆಯ ಬಣ್ಣಕ್ಕೆ ಸಹಿ ಆಯಿತು.

ಮೇಜಿಗೆ ಮರಳಿದಾಗ ಸಾಫ್ಟ್‌ವೇರ್ ಮತ್ತೆ ತನ್ನ ಹಟ ಹಿಡಿದಿತ್ತು. ಕೊನೆಯ ಬಣ್ಣ. ಹೆಸರೇನು?

"ಈ ಸಲ ನಾನು ಬರೀಲಾ?" ಎಂದರು ಅವರು.

"ಸೇಡು ತೀರಿಸ್ಕೊಳ್ತೀರಾ?"

"ಆ ಕಡೆ ತಿರುಗಿ ಮೊದ್ಲು."

ತಿರುಗಿದಳು. ಬೆನ್ನ ಹಿಂದೆ ಕೀಲಿಮಣೆಯ ಸದ್ದು ಬಹಳ ಹೊತ್ತಿನದಲ್ಲ, ಎರಡೋ ಮೂರೋ. ಆಮೇಲೆ 'ಹಂಚು' ಗುಂಡಿಯ ಕ್ಲಿಕ್.

ಗಾಜಿನಾಚೆ ಕರೆ ಕೋಣೆಯಲ್ಲಿ ಅಕ್ಕ ಕುರ್ಚಿಗೆ ಒರಗಿ ಕೂತಿದ್ದರು. ಮುಂದೆ ಬಾಗಲಿಲ್ಲ. ಕಣ್ಣು ಕಿರಿದು ಮಾಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಧೈರ್ಯ ಹೇಳುವ ಅದೇ ದೊಡ್ಡ ದನಿಯಲ್ಲಿ ಒಂದೊಂದೇ ಗುಂಡಿ ಓದತೊಡಗಿದರು.

"'ಮೆಕ್ಯಾನಿಕ್ ಕಳಿಸಿ'. 'ಕರೆ ಮುಗಿಯಿತು'. ಅಬ್ಬಾ, ಕನ್ನಡಿ ಥರ ಕಾಣ್ತಿದೆ! ಮೇಲೆ ಬಣ್ಣದ ಹೆಸರು..." ಅಕ್ಕ ತಡೆದರು. "ಲೇ ಹುಡುಗಿ, ಇದೇನೇ ಇದು? ಬರೀ 'ಹೂಂ' ಅಂತ ಇದೆ! ಯಾರೇ ಅದು ಹೂಂ ಅಂದಿದ್ದು? ಯಾರಿಗೆ?"

ಇಡೀ ಆಫೀಸು ಇತ್ತ ತಿರುಗಿತು. ಅವಳೂ ತಿರುಗಿದಳು.

ಅವರು ಓಡಿಹೋಗಿರಲಿಲ್ಲ. ಅವಳ ಮೇಜಿನ ಪಕ್ಕ ಒಂದು ಕುರ್ಚಿ ಎಳೆದು ಕೂತಿದ್ದರು, ಎರಡು ಲೋಟ ಬಿಸಿ ಟೀ ಇಟ್ಟುಕೊಂಡು, ಕಿವಿ ಕೆಂಪಾಗಿಸಿಕೊಂಡು.

"ಹೇಳಿ," ಎಂದರು ಮೆಲ್ಲಗೆ. "ಈಗ ಕತೆ ನಿಲ್ಲಲ್ಲ."

ಅವಳು ಕೂತಳು. ದನಿ ಸರಿಮಾಡಿಕೊಂಡಳು. ತುಟಿಯಲ್ಲಿ ನಗು ತಡೆಯಲಾಗದೆ ಎರಡು ಸಲ ಶುರುಮಾಡಿ ಎರಡು ಸಲ ಸೋತಳು.

"ಒಂದೂರಲ್ಲಿ ಒಬ್ಬ ರಾಜಕುಮಾರ ಇದ್ದ. ಅವನಿಗೆ ಲಿಫ್ಟ್ ಅಂದ್ರೆ ತುಂಬಾ ಭಯ."

"ಹೂಂ," ಎಂದರು ಅವರು.