ಉಪ್ಪು ತಿಂದ ಗೇಟು

"ಆ ಕೋಲ್ಮನ್ ಹೆಷನ್‌ನ ಕೈ ಈ ಗೇಟಿನ ಮೇಲೆ ಬೀಳೋಕೆ ಬಿಡಲ್ಲ ಅಂತ ಮಾತು ಕೊಡು, ಮಗಳೇ."

ಹತ್ತು ವರ್ಷದ ಹಿಂದೆ, ಹಾಸಿಗೆ ಹಿಡಿದಿದ್ದ ಅಪ್ಪ ಕೊನೆಯದಾಗಿ ಕೇಳಿದ್ದು ಇದೊಂದನ್ನೇ. ಡರ್ವ್ಲಾ ಅವನ ಒರಟು ಕೈ ಹಿಡಿದುಕೊಂಡು, "ಆಯ್ತಪ್ಪ, ಕೊಟ್ಟೆ" ಎಂದಿದ್ದಳು.

ಆಗ ಅದು ಕಷ್ಟದ ಮಾತಾಗಿರಲಿಲ್ಲ. ಆ ಹೆಸರು ಕೇಳಿದರೇ ಅವಳ ಎದೆ ಉರಿಯುತ್ತಿದ್ದ ಕಾಲ ಅದು.

ಈಗ ಅದೇ ಕೋಲ್ಮನ್ ಹೆಷನ್ ಅವಳ ಎದುರಿಗೆ ನಿಂತಿದ್ದ!

ಎರಡು ಕಲ್ಲುಕಂಬಗಳ ನಡುವೆ, ರಸ್ತೆಯ ಕಡೆಗೆ. ಕಂಬಗಳ ಮಧ್ಯೆ ಗೇಟು ಇರಲಿಲ್ಲ. ಅದನ್ನು ಡರ್ವ್ಲಾ ಬೆಳಿಗ್ಗೆಯೇ ಹಾರೆ ಕೊಟ್ಟು ಎತ್ತಿ, ಒಬ್ಬಳೇ ಎಳೆದುಕೊಂಡು ಬಂದು, ಅಂಗಳದಲ್ಲಿ ಎರಡು ಪೀಪಾಯಿಗಳ ಮೇಲೆ ಮಲಗಿಸಿದ್ದಳು. ಅವನನ್ನು ತಡೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ಅವನು ಒಂದು ಹೆಜ್ಜೆಯನ್ನೂ ಒಳಗಿಡಲಿಲ್ಲ.

ಕೈಯಲ್ಲಿ ತಂತಿಯ ಬ್ರಷ್, ತಲೆಗೆ ಅಮ್ಮನ ಹಳೆಯ ಸ್ಕಾರ್ಫ್, ಮೂಗಿನ ತುದಿಯವರೆಗೂ ತುಕ್ಕಿನ ಪುಡಿ... ಇಂಥ ಹೊತ್ತಿನಲ್ಲೇ ಬರಬೇಕಿತ್ತೇ ಇವನು?

"ದಾರೀಲಿ ಹೋಗ್ತಿದ್ದೆ. ಕರಕರ ಅಂತ ಸದ್ದು ಕೇಳ್ತು. ಯಾರೋ ಹಂದಿ ಕೊಯ್ತಿದ್ದಾರೆ ಅಂದ್ಕೊಂಡೆ" ಎಂದ ಕೋಲ್ಮನ್.

"ಇನ್ನೂ ಕೊಯ್ದಿಲ್ಲ. ಹತ್ತಿರ ಬಾ, ನೋಡೋಣ."

ಅವನು ನಕ್ಕ. ಅದೇ ನಗು. ಕಣ್ಣಿನ ಪಕ್ಕ ಮಾತ್ರ ನಾಲ್ಕು ಗೆರೆ ಹೆಚ್ಚಾಗಿದ್ದವು.

"ಸ್ಕಾಟ್ಲೆಂಡಿನಿಂದ ಯಾವಾಗ ಬಂದೆ?" ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ಬಾಯಿಂದ ಜಾರಿಯೇ ಹೋಯಿತು.

"ನಿನ್ನೆ, ಭಾನುವಾರ. ಚಿಕ್ಕಪ್ಪನ ದೋಣಿ ರಿಪೇರಿ ಇದೆ. ಶುಕ್ರವಾರ ಸಂಜೆ ಬಸ್ಸಿಗೆ ವಾಪಸ್." ಅವನು ಪೀಪಾಯಿಗಳ ಕಡೆ ನೋಡಿದ. "ಒಬ್ಬಳೇ ಮಾಡ್ತಿದ್ದೀಯಾ? ನಾನು ಒಂದು ಕೈ..."

"ಬೇಡ!"

ಅವಳ ದನಿಗೆ ಗೋಡೆಯ ಮೇಲಿದ್ದ ಕೋಳಿ ಕೆಳಗೆ ಹಾರಿತು. ಕೋಲ್ಮನ್ ಕೈಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅವಳು ಕೊಟ್ಟ ಮಾತು ಇಡೀ ಊರಿಗೇ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಶುಕ್ರವಾರ ಅವರ ಮನೆಯಲ್ಲಿ 'ಸ್ಟೇಷನ್' ಇತ್ತು. ಐರ್ಲೆಂಡಿನ ಮೇಯೋದ ಆ ಕಡಲ ತೀರದಲ್ಲಿ ಚರ್ಚಿನ ಬಲಿಪೂಜೆ ಮನೆಯಿಂದ ಮನೆಗೆ ಸರದಿಯ ಪ್ರಕಾರ ಬರುತ್ತದೆ. ಪಾದ್ರಿ ಮನೆಗೇ ಬರುತ್ತಾರೆ, ಅವರ ಹಿಂದೆ ಊರಿಗೆ ಊರೇ ಬರುತ್ತದೆ. ಸರದಿ ಬಂದ ಮನೆಯವರು ಗೋಡೆಗೆ ಸುಣ್ಣ ಹೊಡೆಯುತ್ತಾರೆ, ಪರದೆ ಒಗೆಯುತ್ತಾರೆ, ದನದ ಕೊಟ್ಟಿಗೆಯನ್ನೂ ಗುಡಿಸುತ್ತಾರೆ. ಬರುವವರು ಮೊದಲು ನೋಡುವುದು ಮಾತ್ರ ಗೇಟನ್ನು.

ಈ ಗೇಟನ್ನು ಅಪ್ಪ ತನ್ನ ಕುಲುಮೆಯಲ್ಲಿ ತಾನೇ ಬಡಿದು ಮಾಡಿದ್ದ. ಮೇಲ್ಗಡೆ ಜರೀಗಿಡದ ಚಿಗುರಿನ ಹಾಗೆ ಸುರುಳಿ ಸುತ್ತಿದ ನಾಲ್ಕು ಕಂಬಿಗಳು. ಈಗ ಅದರ ಮೈಯೆಲ್ಲ ಬೊಕ್ಕೆ. ಉಗುರು ತಾಗಿದರೆ ಸಾಕು, ಹಸಿರು ಬಣ್ಣ ಸಿಪ್ಪೆಸಿಪ್ಪೆಯಾಗಿ ಉದುರುತ್ತಿತ್ತು.

'ಊರವರ ಮುಂದೆ ಅಪ್ಪನ ಕೆಲಸ ತಲೆ ತಗ್ಗಿಸಬಾರದು. ನಾನೇ ಮಾಡ್ತೀನಿ. ಒಬ್ಬಳೇ ಮಾಡ್ತೀನಿ!'

ಸಂಜೆಯವರೆಗೆ ಉಜ್ಜಿದಳು. ಬೆರಳಿನ ಗೆಣ್ಣು ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಕಬ್ಬಿಣ ಬೂದುಬಣ್ಣಕ್ಕೆ ತಿರುಗಿದ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ತೃಪ್ತಿಯಿಂದ ಮಲಗಿದಳು.

ಬೆಳಿಗ್ಗೆ ಎದ್ದು ನೋಡಿದರೆ... ಅಯ್ಯೋ!

ಹೊಸ ಬಣ್ಣದ ತುಂಬ ಸಣ್ಣ ಸಣ್ಣ ಗುಳ್ಳೆ. ಗುಳ್ಳೆಗಳಿಂದ ಕಿತ್ತಳೆ ಬಣ್ಣದ ನೀರು ಒಸರುತ್ತಿತ್ತು. ಗೇಟು ರಾತ್ರಿಯೆಲ್ಲ ಅತ್ತಂತಿತ್ತು.

"ಒಳಗೆ ಇನ್ನೂ ಉಪ್ಪಿದೆ."

ತಿರುಗಿ ನೋಡಿದಳು. ಅದೇ ಕಂಬಗಳ ನಡುವೆ, ಅದೇ ಕೋಲ್ಮನ್!

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ಗೇಟು ಮುಟ್ಟಬಾರದು ಅಂತ ತಾನೇ ಮಾತಿರೋದು? ಗೇಟಿನ ವಿಷಯ ಮಾತಾಡಬಾರದು ಅಂತೇನೂ ಇಲ್ಲವಲ್ಲ."

ಡರ್ವ್ಲಾಳಿಗೆ ನಗು ಬಂತು, ಸಿಟ್ಟೂ ಬಂತು. ನಗುವನ್ನು ನುಂಗಿ ಸಿಟ್ಟನ್ನು ಮಾತ್ರ ಮುಖದ ಮೇಲೆ ಉಳಿಸಿಕೊಂಡಳು.

"ಸಮುದ್ರದಲ್ಲಿ ಬಿದ್ದ ಕಬ್ಬಿಣ ಅದು" ಎಂದ ಅವನು, ದನಿ ಇಳಿಸಿ. "ಉಜ್ಜಿದರೆ ತುಕ್ಕು ಹೋಗುತ್ತೆ, ಉಪ್ಪು ಹೋಗಲ್ಲ. ಸಿಹಿನೀರಲ್ಲಿ ತೊಳೀಬೇಕು. ತೊಳೆದು, ಒಣಗಿಸಿ, ಮತ್ತೆ ತೊಳೀಬೇಕು. ಒಣಗಿದ ತಕ್ಷಣ ಬಣ್ಣ ಹಚ್ಚಬೇಕು, ತಡ ಮಾಡಬಾರದು."

"ಸಮುದ್ರಕ್ಕೆ ಹಾಕಿದವನೇ ಪಾಠ ಹೇಳ್ತಿದ್ದಾನೆ!"

ಅವನ ಮುಖ ಕಪ್ಪಿಟ್ಟಿತು. ರಸ್ತೆಯಾಚೆಯ ಚಿಲುಮೆಯಿಂದ ಎರಡು ಬಕೆಟ್ ನೀರು ತಂದು ಕಂಬದ ಬುಡದಲ್ಲಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಇನ್ನೆರಡು. ಮತ್ತೆ ಎರಡು. ಒಂದು ಸಲವೂ ಕಂಬ ದಾಟಲಿಲ್ಲ.

'ನೀರಿಗೇನು, ನೀರು ಗೇಟಲ್ಲವಲ್ಲ' ಎಂದುಕೊಂಡು ಅವಳು ಬಕೆಟ್ ಎತ್ತಿಕೊಂಡಳು.

ಅವಳ ಮನಸ್ಸು ಹಳೆಯದಕ್ಕೆ ಹೋಯಿತು.

ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ ಊರಿನ ಹುಡುಗರು ಗೇಟು ಕದಿಯುತ್ತಾರೆ. ಮದುವೆಯ ವಯಸ್ಸಿನ ಹುಡುಗಿಯಿರುವ ಮನೆಯ ಗೇಟನ್ನು. ಬೆಳಿಗ್ಗೆ ಅದು ಒಬ್ಬ ಹುಡುಗನ ಜಾಗದಲ್ಲಿ ನಿಂತಿದ್ದರೆ, ಅವನು ಅವಳನ್ನು ಕೇಳುತ್ತಿದ್ದಾನೆ ಎಂದು ಅರ್ಥ. ಕೆಸರಿಗೋ ಕಡಲಿಗೋ ಬಿದ್ದಿದ್ದರೆ, 'ಈ ಹುಡುಗಿ ಯಾರಿಗೂ ಬೇಡ' ಎಂಬ ಅಪಹಾಸ್ಯ.

ಅಪ್ಪ ಹಾಸಿಗೆ ಹಿಡಿಯುವುದಕ್ಕೆ ಹಿಂದಿನ ವರ್ಷ ಬೇಸಿಗೆಯೆಲ್ಲ ಅವಳೂ ಕೋಲ್ಮನ್ನನೂ ಜೊತೆಯಲ್ಲೇ ಸುತ್ತಿದ್ದರು. ಹಬ್ಬದ ರಾತ್ರಿ ಅವಳು ನಿದ್ದೆಯನ್ನೇ ಮಾಡಿರಲಿಲ್ಲ. ಗೇಟು ಕಳಚುವ ಸದ್ದು ಕೇಳಿ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಿದ್ದಳು.

ಬೆಳಗಾದಾಗ ಗೇಟು ಕಡಲಲ್ಲಿತ್ತು. ಸೊಂಟದವರೆಗಿನ ನೀರಲ್ಲಿ ಕೋಲ್ಮನ್ ಅದರ ಮೇಲೆ ಕೈಯಿಟ್ಟು ನಿಂತಿದ್ದ. ಅಪ್ಪ ಕಣ್ಣಾರೆ ಕಂಡ, ಅವಳೂ ಕಂಡಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬೆನ್ನು ತಿರುಗಿಸಿ ನಡೆದುಬಿಟ್ಟಳು.

ಅಪ್ಪ ಅದೇ ದಿನ ಗೇಟನ್ನು ಹೊತ್ತು ತಂದು, ಊರವರ ಕಣ್ಣಿಗೆ ಬೀಳುವ ಮೊದಲೇ ನಿಲ್ಲಿಸಬೇಕೆಂಬ ಹಟಕ್ಕೆ, ಉಪ್ಪುನೀರು ಆರುವ ಮುನ್ನವೇ ಅದರ ಮೇಲೆ ಬಣ್ಣ ಬಳಿದಿದ್ದ.

ಅಂದು ಒಳಗೆ ಸಿಕ್ಕಿಕೊಂಡ ಉಪ್ಪು ಇಷ್ಟು ವರ್ಷವೂ ಕಬ್ಬಿಣವನ್ನು ತಿನ್ನುತ್ತಲೇ ಇತ್ತು.

ಡರ್ವ್ಲಾ ಹೊಸ ಬಣ್ಣವನ್ನೆಲ್ಲ ಕೆರೆದು, ಗೇಟಿನ ಕೆಳಗಿನ ಪಟ್ಟಿಗೆ ಬಂದಳು. ಅಲ್ಲಿ ತುಕ್ಕು ಎಲ್ಲಕ್ಕಿಂತ ಆಳವಾಗಿತ್ತು. ಕೆರೆದಷ್ಟೂ ಬಣ್ಣದ ಗಡ್ಡೆ. ಉಳಿ ಇಟ್ಟು ಮೆಲ್ಲಗೆ ಬಡಿದಳು. ಗಡ್ಡೆ ಒಡೆಯಿತು.

ಒಳಗೆ ಏನೋ ಹಸಿರಾಗಿತ್ತು. ಅದು ಬಣ್ಣವಲ್ಲ...

ತಾಮ್ರದ ತಂತಿ! ಪಟ್ಟಿಗೆ ಬಿಗಿಯಾಗಿ ಸುತ್ತಿದ ತಂತಿ, ತುದಿಯಲ್ಲಿ ಮೀನುಗಾರರ ಗಂಟು, ಆಮೇಲೆ ಎಳೆದು ತುಂಡಾದ ಗುರುತು.

ಅವಳ ಕೈ ನಿಂತುಹೋಯಿತು.

'ಕಡಲಿಗೆ ಎಸೆಯೋನು ಗೇಟನ್ನ ಯಾಕೆ ಕಟ್ತಾನೆ?'

ಅಡುಗೆಮನೆಯಲ್ಲಿ ಅಮ್ಮ ಅಟ್ರಾಕ್ಟಾ ಪೂಜೆಯ ನಂತರದ ಉಪಹಾರಕ್ಕೆ ಹಿಟ್ಟು ನಾದುತ್ತಿದ್ದಳು. ಡರ್ವ್ಲಾ ಅಮ್ಮನ ಮುಂದೆ ತಂತಿಯನ್ನು ಇಟ್ಟಳು.

"ಅಮ್ಮ, ಇದನ್ನ ನೋಡು. ಗೇಟಿಗೆ ಕಟ್ಟಿತ್ತು. ಅಪ್ಪನ ಬಣ್ಣದ ಕೆಳಗೆ."

ಅಮ್ಮ ಹಿಟ್ಟಿನ ಕೈಯಲ್ಲೇ ಅದನ್ನು ತಿರುಗಿಸಿ ನೋಡಿದಳು.

"ಇದು ನಿನ್ನಪ್ಪನ ಗಂಟಲ್ಲ" ಎಂದಳು. "ಅವನಿಗೆ ಬೂಟಿನ ಲೇಸು ಕಟ್ಟೋಕೇ ನಾನು ಬೇಕಿತ್ತು."

"ನಂಗೆ ಅಳು ಬರ್ತಿದೆ, ನೀನು ತಮಾಷೆ ಮಾಡ್ತೀಯಲ್ಲ!"

"ಅಳೋದಿದ್ರೆ ಆ ಕಡೆ ಹೋಗಿ ಅಳು, ಹಿಟ್ಟಿಗೆ ಉಪ್ಪು ಆಗಲೇ ಹಾಕಿದ್ದೀನಿ." ಅಟ್ರಾಕ್ಟಾ ಕುರ್ಚಿ ಎಳೆದು ಕೂತಳು. "ನಿನಗೆ ಗೊತ್ತೇನೇ? ನಿನ್ನಪ್ಪನೂ ನಮ್ಮ ತವರಿನ ಗೇಟು ಕದ್ದಿದ್ದ. ಕುಲುಮೆಯ ಬಾಗಿಲಿಗೆ ನಿಲ್ಲಿಸಿದ್ದ. ನಮ್ಮಪ್ಪ ಬೈದಿದ್ದೇ ಬೈದಿದ್ದು. ಇವನು ಹಲ್ಲು ಬಿಟ್ಕೊಂಡು ನಿಂತಿದ್ದ. ಅದಕ್ಕೇ ಕಣೇ ಅವನಿಗೆ ಅಷ್ಟು ಸಂಕಟ ಆಗಿದ್ದು. ಮಗಳ ಗೇಟೂ ಹಂಗೇ ಯಾವನದೋ ಬಾಗಿಲಲ್ಲಿ ನಿಲ್ಲುತ್ತೆ ಅಂತ ಕಾದಿದ್ದ. ನೀರಲ್ಲಿ ಕಂಡ."

"ಅಪ್ಪ ಕಂಡಿದ್ದು ತಪ್ಪಾಗಿದ್ರೆ?"

"ಕಂಡವನು ಹೋದ. ಮಾತು ಕೊಟ್ಟವಳು ನೀನು. ನಾನೇನೂ ಹೇಳಲ್ಲಮ್ಮ" ಎಂದು ಅಮ್ಮ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಡರ್ವ್ಲಾ ತಕ್ಷಣ ಕೋಲ್ಮನ್ ಬಳಿಗೆ ಓಡಲಿಲ್ಲ. ಕೈಯಲ್ಲಿ ಅರ್ಧ ಕೆಲಸವಿತ್ತು. ಮೊದಲು ಗೇಟನ್ನು ತೊಳೆದಳು, ಒರೆಸಿದಳು, ಬಿಸಿಲಿಗೆ ಒಣಗಿಸಿ ಮತ್ತೆ ತೊಳೆದಳು. ಒಣಗಿದ ಗಳಿಗೆಯಲ್ಲೇ ಕೆಂಪು ಬಳಿದಳು. ಬುಧವಾರ ಬೆಳಿಗ್ಗೆ ಉಸಿರು ಬಿಗಿಹಿಡಿದು ಬಂದು ನೋಡಿದಾಗ ಒಂದು ಗುಳ್ಳೆಯೂ ಇರಲಿಲ್ಲ! ಆ ದಿನ ಒಂದು ಕೈ ಹಸಿರು ಹಚ್ಚಿದಳು. ಗುರುವಾರ ಇನ್ನೊಂದು ಕೈ. ಸುರುಳಿಗಳ ಒಳಮೂಲೆಗೆ ಬ್ರಷ್ ಹೋಗದೆ ಬೆರಳಿನಲ್ಲೇ ಬಳಿದಳು.

ಗುರುವಾರ ಸಂಜೆ ಆ ಹಸಿರು ಕೈಯಲ್ಲೇ ದೋಣಿಕಟ್ಟೆಗೆ ಇಳಿದು ಹೋದಳು.

ಕೋಲ್ಮನ್ ಮಗುಚಿದ ದೋಣಿಗೆ ಡಾಂಬರು ಮೆತ್ತುತ್ತಿದ್ದ. ಅವಳು ತಂತಿಯ ತುಂಡನ್ನು ದೋಣಿಯ ಬೆನ್ನಿನ ಮೇಲಿಟ್ಟಳು.

ಅವನು ನೋಡಿದ. ಬ್ರಷ್ಷನ್ನು ಡಬ್ಬದಲ್ಲಿಟ್ಟು, ದೋಣಿಯ ಪಕ್ಕ ಕೂತ.

ಅವಳೂ ಎದುರಿಗೆ ಕೂತು, "ಹೇಳು" ಎಂದಳು.

"ಈಗ ಹೇಳಿ ಏನಾಗಬೇಕು?"

"ಹೇಳು ಅಂದೆ, ಕೋಲ್ಮನ್! ಅವತ್ತು ನಾನು ಕೇಳಿಸಿಕೊಳ್ಳಲಿಲ್ಲ. ಇವತ್ತು ಕೇಳಿಸಿಕೊಳ್ಳದೆ ಇಲ್ಲಿಂದ ಏಳಲ್ಲ."

ಅವನು ಕಟ್ಟೆಯ ಅಂಚಿನಲ್ಲಿದ್ದ, ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ತೋರಿಸಿದ.

"ನನಗೆ ಮನೆ ಅಂತ ಎಲ್ಲಿತ್ತು? ಇದ್ದಿದ್ದು ಚಿಕ್ಕಪ್ಪನ ಮನೆ. ನನ್ನದು ಅಂತ ಇದ್ದಿದ್ದು ಈ ಕಟ್ಟೆ ಒಂದೇ. ನಿನ್ನ ಕಿಟಕಿಗೆ ಕಾಣುತ್ತೆ ಅಂತ ಗೇಟನ್ನ ಇಲ್ಲೇ ನಿಲ್ಲಿಸಿದೆ. ಗಾಳಿಗೆ ಬೀಳಬಾರದು ಅಂತ ಆ ಬಳೆಗೆ ಬಿಗಿದು ಕಟ್ಟಿದೆ."

"ಮತ್ತೆ?"

"ಅಮಾವಾಸ್ಯೆ ಉಬ್ಬರ..." ಅವನು ತಲೆ ತಗ್ಗಿಸಿದ. "ಮರೆತುಬಿಟ್ಟೆ. ಮೂರು ತಲೆಮಾರಿನ ಮೀನುಗಾರರ ಮನೆಯ ಹುಡುಗ ಉಬ್ಬರ ಮರೆತ ಅಂದ್ರೆ ನಿನ್ನಪ್ಪ ನಂಬ್ತಿದ್ರಾ? ಊರು ನಂಬ್ತಿತ್ತಾ? ಬೆಳಗ್ಗೆ ಬಂದು ನೋಡಿದ್ರೆ ತಂತಿ ಹರಿದು ಗೇಟು ನೀರಲ್ಲಿ. ಎಳೀತಾ ಇದ್ದೆ ಕಣೇ. ಎಸೀತಾ ಇರಲಿಲ್ಲ, ಎಳೀತಾ ಇದ್ದೆ!"

"ಉಬ್ಬರ ಹೇಗೆ ಮರೀತೀಯೋ ನೀನು..."

"ಆ ರಾತ್ರಿ ತಲೇಲಿ ನಿನ್ನನ್ನ ಬಿಟ್ಟು ಬೇರೇನೂ ಇರಲಿಲ್ಲ."

ಅಲೆ ಬಂದು ಕಟ್ಟೆಗೆ ಬಡಿಯಿತು. ಡರ್ವ್ಲಾಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಸಿರಾಯಿತು.

"ಆಮೇಲಾದ್ರೂ ಹೇಳಬಹುದಿತ್ತು!"

"ನೀನು ಬೆನ್ನು ತಿರುಗಿಸಿ ಹೋದೆ. ಕೇಳಬೇಕಾದವಳೇ ಹೋದ ಮೇಲೆ ಇನ್ಯಾರಿಗೆ ಹೇಳಲಿ?"

ಅವಳು ಎದ್ದು ನಿಂತಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅವನ ಎದೆಗೊರಗಿ ಅಳುತ್ತಿದ್ದರೇನೋ. ಆದರೆ ಅವಳು ಕಮ್ಮಾರನ ಮಗಳು. ಬಿಸಿಯಿರುವಾಗಲೇ ಬಡಿಯಬೇಕೆಂಬುದು ಅವಳಿಗೆ ಗೊತ್ತಿತ್ತು.

"ನಾಳೆ ಬೆಳಿಗ್ಗೆ ಬಾ. ಗೇಟು ಕೂರಿಸಬೇಕು."

"ಡರ್ವ್ಲಾ... ಮಾತು?"

"ಅದು ನನ್ನ ತಲೆನೋವು."

ಆ ರಾತ್ರಿ ಅವಳು ಅಪ್ಪನ ಮಾತಿನಲ್ಲಿ ಸಂದಿಗೊಂದಿ ಹುಡುಕಲಿಲ್ಲ. 'ಕೈಗವಸು ಹಾಕಿಕೊಂಡರೆ ಮುಟ್ಟಿದ ಹಾಗಲ್ಲ, ಹಗ್ಗದಲ್ಲಿ ಎತ್ತಿದರೆ ಮುಟ್ಟಿದ ಹಾಗಲ್ಲ' ಎಂಬ ನೆಪಗಳೆಲ್ಲ ಮನಸ್ಸಿಗೆ ಬಂದವು. ಒಂದೊಂದನ್ನೂ ತಳ್ಳಿಹಾಕಿದಳು.

'ಅಪ್ಪ, ನೀನು ನನ್ನ ಮೇಲಿನ ಪ್ರೀತಿಗೆ ಕೇಳಿದೆ. ನಾನು ನಿನ್ನ ಮೇಲಿನ ಪ್ರೀತಿಗೆ ಕೊಟ್ಟೆ. ಆದ್ರೆ ನಾವಿಬ್ಬರೂ ತಪ್ಪು ಕಂಡ್ವಿ. ನಾನು ಕಣ್ಣು ಬಿಟ್ಟುಕೊಂಡೇ ಮುರೀತೀನಿ. ಬೈಯೋದಿದ್ರೆ ಬೈದುಬಿಡು.'

ಶುಕ್ರವಾರ ಬೆಳಿಗ್ಗೆ ಮೋಡವಿರಲಿಲ್ಲ. ಕೋಲ್ಮನ್ ಬಿಳಿ ಅಂಗಿ ತೊಟ್ಟು, ಒದ್ದೆ ತಲೆ ಬಾಚಿಕೊಂಡು ಬಂದ. ಬಂದವನು ಎಂದಿನಂತೆ ಕಂಬಗಳ ನಡುವೆ ನಿಂತುಬಿಟ್ಟ.

"ಒಳಗೆ ಬಾರೋ, ಮಾರಾಯ! ಅಲ್ಲೇ ನಿಂತ್ರೆ ನಿನ್ನನ್ನೇ ಗೇಟು ಅಂದ್ಕೊಂಡು ಬಣ್ಣ ಬಳೀತಾಳೆ" ಎಂದು ಅಟ್ರಾಕ್ಟಾ ಕಿಟಕಿಯಿಂದ ಕೂಗಿದಳು.

"ನಮಸ್ಕಾರ, ಮಿಸೆಸ್ ಲಾವೆಲ್" ಎಂದ ಅವನು, ಕಿವಿಯವರೆಗೂ ಕೆಂಪಾಗಿ.

ಡರ್ವ್ಲಾ ಗೇಟಿನ ಒಂದು ತುದಿ ಎತ್ತಿ ಹಿಡಿದಳು. ಇನ್ನೊಂದು ತುದಿ ಪೀಪಾಯಿಯ ಮೇಲೇ ಇತ್ತು. ಅವನ ಕೈ ಗಾಳಿಯಲ್ಲೇ ನಿಂತಿತು.

"ನಿಜವಾಗ್ಲೂ?"

"ಭಾರ ಆಗ್ತಿದೆ. ನೀನು ಹಿಡೀತೀಯೋ, ಇಲ್ಲ ಫಾದರ್ ಬಂದು ಹಿಡೀಬೇಕೋ?"

ಅವನು ಹಿಡಿದ.

ಬರಿಗೈಯಲ್ಲಿ, ಅಪ್ಪ ಬಡಿದ ಕಂಬಿಯನ್ನು, ಎರಡೂ ಕೈಯಿಂದ.

ಇಬ್ಬರೂ ಉಸಿರುಗಟ್ಟಿ ಎತ್ತಿದರು. "ನಿನ್ನ ಕಡೆ... ಇನ್ನೂ ಸ್ವಲ್ಪ... ಹಾಂ, ಬಿಡು!" ಗೇಟು ಕಂಬದ ಕೊಂಡಿಗಳಲ್ಲಿ ಠಣ್ಣೆಂದು ಕೂತಿತು. ಡರ್ವ್ಲಾ ಒಂದು ಬೆರಳಿನಿಂದ ತಳ್ಳಿದಳು. ಅದು ಸದ್ದಿಲ್ಲದೆ ತೆರೆದುಕೊಂಡಿತು.

ಗುಡ್ಡದ ಮೇಲಿನ ದಾರಿಯಲ್ಲಿ ಪಾದ್ರಿಯ ಕಾರು ಕಾಣಿಸಿತು. ಹಿಂದೆ ಊರವರ ಸಾಲು.

"ಎಲ್ಲರೂ ನೋಡ್ತಾರೆ, ಡರ್ವ್ಲಾ. ನಾನು ಹೊರಟುಬಿಡ್ಲಾ?"

"ನೋಡ್ಲಿ. ಅದಕ್ಕೇ ತಾನೇ ಬಣ್ಣ ಹಚ್ಚಿದ್ದು?"

"ಸಂಜೆ ಬಸ್ಸಿದೆ..."

"ಬಸ್ಸು ಹೋಗ್ಲಿ ಬಿಡು."

ಅವನು ಅವಳ ಕಡೆ ತಿರುಗಿದ. "ಆಗ ಗೇಟಿನ ಕೈಲಿ ಕೇಳಿಸಿದ್ದೆ. ಈಗ ನಾನೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಮೊದಲು ಕೈ ತೊಳ್ಕೋ, ಹಸಿರಾಗಿದೆ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ, ಆಮೇಲೆ ನಿನ್ನೆಯ ಹಸಿರು ಇನ್ನೂ ಹೋಗದಿದ್ದ ಅವಳ ಕೆನ್ನೆಯನ್ನು. ಇಬ್ಬರೂ ನಕ್ಕುಬಿಟ್ಟರು.

ಅಪ್ಪನಿಗೆ ಕೊಟ್ಟಿದ್ದ ಮಾತನ್ನು ಡರ್ವ್ಲಾ ಲಾವೆಲ್ ಆ ಶುಕ್ರವಾರ ಬೆಳಿಗ್ಗೆ ಮುರಿದಳು.