ಕೊನೆಯ ದಿನದ ದರ

"ಯಾರೋ ಇದನ್ನ ಮುಟ್ಟಿದ್ದಾರೆ!"

ಹದಿನೆಂಟು ವರ್ಷದ ನಂತರ ಕಿಟಕಿಯ ಶಟರ್ ಕಿರುಗುಟ್ಟುತ್ತ ಮೇಲೇರಿತ್ತು. ಬೀದಿಯಲ್ಲಿ ನಿಂತಿದ್ದ ಕನ್ನಡಕದಮ್ಮ ಬೆರಳು ತೋರಿಸಿದರು. ಕಿಟಕಿಯ ಕಬ್ಬಿಣದ ಚೌಕಟ್ಟಿನಲ್ಲಿ ಎರಡು ಕೊಕ್ಕೆ, ಕೊಕ್ಕೆಗೊಂದು ಅಂಕಿಯ ತಗಡು. ಎರಡು, ನಾಲ್ಕು — ಇಪ್ಪತ್ನಾಲ್ಕು. ಆದರೆ ಕೊಕ್ಕೆಗಳ ತುಕ್ಕು ಹೊಸದಾಗಿ ಕೆರೆದುಹೋಗಿತ್ತು. ಹರಿದ ಜೇಡರ ಬಲೆ ಗಾಳಿಗೆ ತೂಗಾಡುತ್ತಿತ್ತು.

ಅದು ನೋಟು ಬದಲಾಯಿಸುವ ಅಂಗಡಿ. ಗಡಿಯಾಚೆಯ ದೇಶ ತನ್ನ ನೋಟು ರದ್ದು ಮಾಡಿದ ದಿನ ಶಟರ್ ಎಳೆದ ಯಜಮಾನರು ಮತ್ತೆ ಅದನ್ನು ತೆಗೆಯಲೇ ಇಲ್ಲ. ಹೋದ ತಿಂಗಳು ತೀರಿಕೊಂಡರು. ಅಂಗಡಿ ಮಗನಿಗೆ; ಮಗಳಿಗೆ ಆಚೆಯ ಹಣದ ಲೆಕ್ಕದಲ್ಲಿ ಹತ್ತು ಸಾವಿರ, ಅದನ್ನು ಮಗ ನಮ್ಮ ಹಣದಲ್ಲಿ ಕೊಡಬೇಕು — ಇದು ಅವರ ಉಯಿಲು. ಬ್ಯಾಂಕಿನ ದರದಲ್ಲಲ್ಲ, ಕೊನೆಯ ದಿನ ಅಂಗಡಿ ಗಿರಾಕಿಗೆ ತೋರಿಸಿದ ದರದಲ್ಲಿ. ಆ ವರ್ಷ ದರ ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಯಾರಿಗೂ ನೆನಪಿರಲಿಲ್ಲ. ಉಳಿದ ಸಾಕ್ಷಿ ಆ ಎರಡು ತಗಡು ಮಾತ್ರ. ಅದಕ್ಕೇ ಎದುರುಮನೆಯ ನಿವೃತ್ತ ಇನ್ಸ್‌ಪೆಕ್ಟರನ್ನು, ಬೀದಿಯವರ ಬಾಯಲ್ಲಿ ಕನ್ನಡಕದಮ್ಮನನ್ನು, ನೋಡಲು ಕರೆದಿದ್ದರು.

"ಮುಟ್ಟಲಿ ಬಿಡಲಿ, ಕಣ್ಣಿಗೆ ಕಾಣೋದು ಇಪ್ಪತ್ನಾಲ್ಕು," ಅಣ್ಣ ನಕ್ಕ. ಅವನು ಬಟ್ಟೆ ವ್ಯಾಪಾರಿ. ಅಪ್ಪನ ಅಂಗಡಿಗೆ ಕಾಲಿಟ್ಟವನೇ ಅಲ್ಲ. "ಎರಡು ಲಕ್ಷ ನಲವತ್ತು ಸಾವಿರ. ತಗೊಂಡು ಜಾಗ ಖಾಲಿ ಮಾಡು, ತಂಗಿ."

ತಂಗಿ ಬೆರಳಲ್ಲಿ ಲೆಕ್ಕ ಹಾಕಿದಳು. ಮಗಳ ನರ್ಸಿಂಗ್ ಫೀಸು ಮೂರೂವರೆ ಲಕ್ಷ. ಈ ವಾರವೇ ಕಟ್ಟಬೇಕು.

"ಮೋಸ!" ತಂಗಿಯ ಗಂಡ ಎಗರಿಬಿದ್ದ. "ನಿನ್ನೆ ನನ್ನ ಕಣ್ಣಾರೆ ನೋಡಿದೀನಿ, ನಲವತ್ತೆರಡು ಇತ್ತು!"

"ಎಲ್ಲಿಂದ ನೋಡಿದ್ರಿ?" ಕನ್ನಡಕದಮ್ಮ ಕೇಳಿದರು.

"ಒಳಗಿಂದ. ಮನೇಲಿ ಜಾಗ ಇಲ್ಲ ಅಂತ ನನ್ನ ಇಲ್ಲೇ ಮಲಗಿಸಿದ್ರಲ್ಲ, ದೊಡ್ಡ ಮನಸ್ಸಿನ ಜನ!"

"ಸುಳ್ಳು!" ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಸಂಜೆ ಚಾಪೆ ಹಾಕೋಕೆ ನಾನೇ ಒಳಗೆ ಹೋಗಿದ್ದೆ. ಇಪ್ಪತ್ನಾಲ್ಕೇ ಇತ್ತು. ಬೇಕಿದ್ರೆ ಮಕ್ಕಳ ಮೇಲೆ ಆಣೆ ಇಡ್ತೀನಿ."

"ಆಗ ಜೇಡರ ಬಲೆ?"

"ಹಾಗೇ ಇತ್ತು. ಕಿಟಕಿ ಮುಟ್ಟಬಾರದು ಅಂತ ನೀವೇ ಹೇಳಿದ್ರಲ್ಲ, ಗುಡಿಸಲಿಲ್ಲ."

"ಆಮೇಲೆ ಒಳಗೆ ಯಾರು ಬಂದ್ರು?"

"ಯಾರೂ ಇಲ್ಲ," ತಂಗಿಯ ಗಂಡನೇ ಉತ್ತರಿಸಿದ. "ಒಳಗಿಂದ ಚಿಲಕ ಹಾಕ್ಕೊಂಡಿದ್ದೆ. ಈ ಜನರನ್ನ ನಂಬೋದು ಹೇಗೆ?"

"ನೋಡಿದ್ರಾ?" ಅಣ್ಣ ಅಬ್ಬರಿಸಿದ. "ಬಲೆ ಹರಿದಿರೋದು ಭಾವನೋರ ಕೈಯಿಂದಾನೇ!"

"ನನ್ನ ಹೆಂಡತಿಗೇ ನಷ್ಟ ಆಗೋ ಹಾಗೆ ನಾನ್ಯಾಕೆ ಬದಲಾಯಿಸ್ಲಿ? ನನಗೇನು ತಲೆ ಕೆಟ್ಟಿದ್ಯಾ?"

ಅಣ್ಣ ಹೆಂಡತಿಯತ್ತ ನೋಡಿದ.

ಕನ್ನಡಕದಮ್ಮ ತಂಗಿಯತ್ತ ತಿರುಗಿದರು. "ನೀನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಇಲ್ಲೇ ಕೂರ್ತಿದ್ದೆ ಅಲ್ವಾ? ಈ ತಗಡಿನ ಅಂಕಿ ಬರೀತಿದ್ದವರು ಯಾರು?"

"ನಾನೇ," ತಂಗಿ ಮೆಲ್ಲಗೆ ಹೇಳಿದಳು. "ಎರಡೂ ಮೈಗೂ ಅದೇ ಅಂಕಿ ಬರೀತಿದ್ದೆ. ಬಿಸಿಲಿಗೆ ಒಂದು ಕಡೆ ಮಾಸಿದ್ರೆ ಅಪ್ಪ ತಿರುಗಿಸಿ ನೇತುಹಾಕೋರು. ಹೊಸ ಬಣ್ಣದ ಖರ್ಚು ಉಳೀತು ಅಂತ ನಗೋರು."

"ಗಿರಾಕಿಗಳು ಒಳಗೆ ಬರ್ತಿದ್ರಾ?"

"ಇಲ್ಲ. ಬೀದಿಲೇ ನಿಂತು ಈ ಕಿಟಕೀಲೇ ವ್ಯವಹಾರ. ಒಳಗೆ ಅಪ್ಪ, ಪಕ್ಕದಲ್ಲಿ ನಾನು, ಅಷ್ಟೇ."

ಕನ್ನಡಕದಮ್ಮ ಕನ್ನಡಕ ತೆಗೆದು ಸೀರೆಯಂಚಿನಲ್ಲಿ ಒರೆಸಿಕೊಂಡರು.

"ಅತ್ತಿಗೆಯೂ ನಿಜ ಹೇಳಿದಾಳೆ. ಭಾವನೂ ನಿಜಾನೇ ಹೇಳಿದಾರೆ."

"ಅದು ಹೇಗಾಗತ್ತೆ?" ಇಬ್ಬರೂ ಒಟ್ಟಿಗೆ ಕಿರುಚಿದರು.

ಕನ್ನಡಕದಮ್ಮ ಅತ್ತಿಗೆಗೆ ಬಾಗಿಲು ತೋರಿಸಿದರು. "ನೀನು ಒಳಗೆ ಹೋಗಿ ಕಿಟಕಿ ಹಿಂದೆ ನಿಂತ್ಕೋಮ್ಮ. ಎಡದಿಂದ ಬಲಕ್ಕೆ ಓದು. ಎಷ್ಟು?"

ಒಳಗೆ ಚಪ್ಪಲಿಯ ಸದ್ದು. ಕಿಟಕಿಯ ಹಿಂದೆ ಅತ್ತಿಗೆಯ ಮುಖ ಕಾಣಿಸಿತು.

"ಓದೇ!" ಅಣ್ಣ ಗದರಿದ.

"ನ… ನಲವತ್ತೆರಡು."

"ಬೀದಿಯಿಂದ ಇಪ್ಪತ್ನಾಲ್ಕು, ಒಳಗಿಂದ ನಲವತ್ತೆರಡು," ಕನ್ನಡಕದಮ್ಮ ಹೇಳಿದರು. "ಎರಡು ಮೈಗೂ ಬರೆದ ತಗಡು ಹಿಂದಿನಿಂದ ಉಲ್ಟಾ ಸಾಲಿನಲ್ಲಿ ಕಾಣತ್ತೆ. ಯಜಮಾನರಿಗೆ ಅದು ರೂಢಿ, ಅತ್ತಿಗೆಗೂ ಭಾವನಿಗೂ ಗೊತ್ತಿರಲಿಲ್ಲ. ಶಟರ್ ಮುಚ್ಚಿತ್ತು, ನಿನ್ನೆ ನೋಡಿದವರೆಲ್ಲ ಒಳಗಿಂದಾನೇ ನೋಡಿದ್ದು. ಸಂಜೆ ಬಲೆ ಹರಿಯೋ ಮುಂಚೆ ಅತ್ತಿಗೆ ಕಣ್ಣಿಗೆ ಇಪ್ಪತ್ನಾಲ್ಕು. ಹಾಗಾದ್ರೆ ಬೀದಿಗೆ ಯಜಮಾನರು ತೋರಿಸಿದ್ದು ಎಷ್ಟು?"

ಅಣ್ಣ ಗೊಣಗಿದ. "ನಲವತ್ತೆರಡು…"

"ಅದೇ ಕೊನೆಯ ದರ. ಆಮೇಲೆ ಚಿಲಕ ಹಾಕಿದ ಕೋಣೇಲಿ ಇದ್ದವರು ಒಬ್ರೇ. ಇಪ್ಪತ್ನಾಲ್ಕು ನೋಡಿ ಹೊಟ್ಟೆ ಉರೀತು. ತಗಡು ಅದಲುಬದಲು ಮಾಡಿದ್ರು. ಒಳಗಿಂದ ನಲವತ್ತೆರಡು ಮಾಡಿ, ಬೀದಿಗೆ ಇಪ್ಪತ್ನಾಲ್ಕು ಮಾಡಿಬಿಟ್ರು. ಒಳಗಿಂದ ನಲವತ್ತೆರಡು ಕಂಡಿದ್ದು ಬದಲಾಯಿಸಿದ ಮೇಲೇನೇ, ಭಾವ. ನಿಮ್ಮ ಸಾಕ್ಷಿ ನಿಮ್ಮ ಕುತ್ತಿಗೆಗೇ ಬಂತು."

ತಂಗಿಯ ಗಂಡ ಗೋಡೆಗೆ ಒರಗಿದ. "ನಿನಗೋಸ್ಕರ ತಾನೇ ಕಣೇ ಮಾಡಿದ್ದು…"

"ನನಗೋಸ್ಕರ?" ತಂಗಿ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಸುಮ್ನೆ ಮಲಗಿದ್ದಿದ್ರೆ ಸಾಕಿತ್ತು. ಅಪ್ಪ ಕೊಟ್ಟಿದ್ದನ್ನ ನೀವು ಕದ್ದು ಕೊಡೋಕೆ ಹೋದ್ರಿ."

"ಮೋಸ ಮಾಡಿದವರಿಗೆ ನಾನು ಬಿಡಿಗಾಸೂ ಕೊಡಲ್ಲ!" ಅಣ್ಣ ಗುಡುಗಿದ.

"ಮೋಸ ಮಾಡಿದ್ದು ಅವನು, ಪಾಲು ಅವಳದು," ಕನ್ನಡಕದಮ್ಮನ ದನಿ ಏರಲಿಲ್ಲ. "ಒಳಗಿಂದ ಇಪ್ಪತ್ನಾಲ್ಕು, ಅಂದ್ರೆ ಬೀದಿಗೆ ನಲವತ್ತೆರಡು ಅಂತ ಸಾಕ್ಷಿ ಹೇಳಿರೋದು ನಿನ್ನ ಹೆಂಡತಿನೇ. ಮಕ್ಕಳ ಮೇಲೆ ಆಣೆ ಬೇರೆ ಇಡ್ತೀನಿ ಅಂದಳು. ಕೋರ್ಟಿಗೆ ಹೋಗ್ತೀಯಾ?"

ಅಣ್ಣ ಕಿಟಕಿಯ ಹಿಂದಿದ್ದ ಹೆಂಡತಿಯನ್ನು ಸುಟ್ಟುಬಿಡುವಂತೆ ನೋಡಿ, ಜೇಬಿನಿಂದ ಚೆಕ್ ಪುಸ್ತಕ ತೆಗೆದ.

ತಂಗಿ ಒಳಗೆ ಹೋಗಿ ಎರಡೂ ತಗಡು ಕಳಚಿ, ಅಪ್ಪನಂತೆ ಬಲದಿಂದ ಎಡಕ್ಕೆ ಲೆಕ್ಕ ಹಾಕಿ ನೇತುಹಾಕಿದಳು. ಬೀದಿಯಿಂದ ನಲವತ್ತೆರಡು ಕಂಡಿತು.

"ಯಾರ ಹೆಸರಿಗೆ ಬರೀಲಿ?" ಅಣ್ಣ ಹಲ್ಲು ಕಡಿದ.

ಗಂಡ ಕತ್ತೆತ್ತಿದ.

"ಮೂರೂವರೆ ಲಕ್ಷ ಕಾಲೇಜಿನ ಹೆಸರಿಗೆ," ತಂಗಿ ಕಿಟಕಿಯ ಹಿಂದಿನಿಂದಲೇ ಹೇಳಿದಳು. "ಉಳಿದಿದ್ದು ನನ್ನೊಬ್ಬಳ ಹೆಸರಿಗೆ."