ನಡುವೆ ನಿಂತ ದನಿ

ಸೋಮವಾರ ಬೆಳಿಗ್ಗೆ ಅವಳು ಎದೆ ಗಟ್ಟಿ ಮಾಡಿಕೊಂಡು ಬಡಗಿಯ ಮೇಜಿನ ಹತ್ತಿರ ಹೋದಳು. ಅವನ ಬಲಗಡೆ ಅಂಟು ಹಾಕಿ ಕ್ಲಾಂಪ್ ಬಿಗಿದ ಪೆಟ್ಟಿಗೆಗಳು ಸಾಲಾಗಿ ಒಣಗುತ್ತಿದ್ದವು, ಕಾಲಿಡಲು ಜಾಗವಿರಲಿಲ್ಲ. ಅದಕ್ಕೇ ಎಡಗಡೆ, ಅವನ ಹೆಗಲ ಹಿಂದೆ ನಿಂತಳು. ಯಾವ ಕಡೆ ನಿಂತರೇನು, ಹೇಳಬೇಕಾದ ಮಾತು ಒಂದೇ ತಾನೆ.

"ಅತ್ತೆ ಒಂದು ಸಂಬಂಧ ತಂದಿದ್ದಾರೆ," ಎಂದಳು. "ಭಾನುವಾರ ಉತ್ತರ ಹೇಳಬೇಕಂತೆ. ನೀವು ಬೇಡ ಅಂದ್ರೆ ಬೇಡ ಅಂತೀನಿ."

ಬಡಗಿ ಪೆಟ್ಟಿಗೆಯ ಮೂಲೆಯನ್ನು ಸ್ಯಾಂಡ್‌ಪೇಪರಿನಿಂದ ಕರಕರ ಉಜ್ಜುತ್ತಿದ್ದ. ಉಫ್ ಎಂದು ಪುಡಿ ಊದಿದ. ಹೆಬ್ಬೆರಳಿನಿಂದ ಅಂಚು ಸವರಿ ನೋಡಿದ. ಮತ್ತೆ ಉಜ್ಜಿದ.

ಅವಳು ಇನ್ನಷ್ಟು ಹೊತ್ತು ನಿಂತಳು. ಆಮೇಲೆ ತನ್ನ ಸ್ಟೂಲಿಗೆ ಮರಳಿ ಬಂದು, ರಿಜಿಸ್ಟರ್ ತೆರೆದು, ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಓದತೊಡಗಿದಳು. ಅದು ತಲೆಕೆಳಗಾಗಿದೆ ಎಂದು ಗೊತ್ತಾಗಲು ಬಹಳ ಹೊತ್ತೇ ಹಿಡಿಯಿತು.

ಅದು ಅವಳ ಸೋದರಮಾವನ ಪುಟ್ಟ ವರ್ಕ್‌ಶಾಪು. ಪುಸ್ತಕದ ಶೆಲ್ಫಿನಲ್ಲಿ ಕೂರುವಂಥ ಚಿಕ್ಕ ಸ್ಪೀಕರುಗಳನ್ನು ಜೋಡಿ ಜೋಡಿಯಾಗಿ ಮಾಡುತ್ತಿದ್ದರು. ಒಳಗಿನ ತಂತಿ ಕೆಲಸ ಮಾವನದು, ಮರದ ಪೆಟ್ಟಿಗೆ ಬಡಗಿಯದು. ಜೋಡಿ ಮನೆ ಸೇರಿ ಒಂದು ತಿಂಗಳಾದ ಮೇಲೆ ಕೊಂಡವರ ಮನೆಗೆ ಹೋಗಿಯೋ ಫೋನ್ ಮಾಡಿಯೋ "ಹೇಗಿದೆ? ಏನನ್ನಿಸಿತು?" ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಹಾಗಾಗಿ ಅವಳಿಗೆ ಅನಿಸಿಕೆ ಮೇಡಂ ಎಂದೇ ಹೆಸರು ಬಿದ್ದಿತ್ತು.

ದಿನಾ ನಾಲ್ಕು ಗಂಟೆಗೆ, ಟೀ ಹೊತ್ತಿಗೆ, ಅವಳು ಆ ಅನಿಸಿಕೆಗಳನ್ನು ಓದಿ ಹೇಳುತ್ತಿದ್ದಳು. ಒಬ್ಬ ದಂತವೈದ್ಯರು, "ಹಾಡುವವರು ಉಸಿರೆಳೆಯುವುದೂ ಕೇಳಿಸುತ್ತದೆ, ಬಾಯಿ ಎಷ್ಟು ತೆರೆದಿದ್ದಾರೆ ಎಂದೂ ತಿಳಿಯುತ್ತದೆ" ಎಂದು ಬರೆಸಿದ್ದರು. ಇನ್ನೊಂದು ಮನೆಯಲ್ಲಿ ಎಡಗಡೆ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗುತ್ತಿತ್ತಂತೆ, ಹಾಡಿನಲ್ಲಿ ಮಂದ್ರದ ಗುಡುಗು ದನಿ ಬಂದಾಗ ಮಾತ್ರ ಒಂದು ಕಣ್ಣು ತೆರೆಯುತ್ತಿತ್ತಂತೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು, "ಸರಿಯಾಗಿ ಕೇಳಿಸೋದು ನಡುವಿನ ಕುರ್ಚಿಯಲ್ಲಿ ಮಾತ್ರ. ಮೂರು ದಿನ ಅವರು ಕೂರ್ತಾರೆ, ಮೂರು ದಿನ ನಾನು. ಭಾನುವಾರ ಜಗಳ" ಎಂದಿದ್ದಳು.

ಯಾವುದನ್ನು ಓದಿದರೂ ಬಡಗಿ ಕೇಳುತ್ತಿದ್ದ ಪ್ರಶ್ನೆ ಒಂದೇ.

"ನಡುವಿನ ವಿಷಯ ಏನಂದ್ರು ಮೇಡಂ?"

ಆ ಪೆಟ್ಟಿಗೆಗಳ ಗುಟ್ಟೇ ಅದು. ಎರಡನ್ನೂ ಸರಿಯಾದ ಅಂತರದಲ್ಲಿಟ್ಟು ಎದುರಿಗೆ ಕೂತರೆ ದನಿ ಆ ಪೆಟ್ಟಿಗೆಯಿಂದಲೂ ಬಂದಂತಿರುವುದಿಲ್ಲ, ಈ ಪೆಟ್ಟಿಗೆಯಿಂದಲೂ ಬಂದಂತಿರುವುದಿಲ್ಲ. ಎರಡರ ನಡುವಿನ ಖಾಲಿ ಜಾಗದಲ್ಲಿ ಯಾರೋ ಬಂದು ನಿಂತು ಹಾಡಿದ ಹಾಗಿರುತ್ತದೆ. ದಿನಾ ಇದನ್ನೇ ಕೇಳುತ್ತಾನಲ್ಲ, ಹೊಗಳಿಕೆಯ ಆಸೆ ಎಷ್ಟಿರಬೇಕು ಎಂದು ಅವಳು ಒಳಗೊಳಗೇ ನಕ್ಕಿದ್ದುಂಟು.

ಅವಳು ಓದುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ. ಕತ್ತನ್ನು ತುಸು ಓರೆ ಮಾಡಿ ಕಿಟಕಿಯ ಕಡೆ ನೋಡುತ್ತಿದ್ದ, ಆದರೆ ಮೈಯೆಲ್ಲ ಕಿವಿಯಾಗಿರುತ್ತಿತ್ತು. ಓದು ಮುಗಿದಾಗ ಒಮ್ಮೆ, ಒಂದೇ ಒಮ್ಮೆ, ಅವಳತ್ತ ತಿರುಗುತ್ತಿದ್ದ. ರೆಪ್ಪೆಯ ಮೇಲೆ ಮರದ ಪುಡಿ ಕೂತಿರುತ್ತಿತ್ತು. ಆ ಒಂದು ನೋಟಕ್ಕಾಗಿ ಅವಳು ಮೂರು ಸಾಲಿನ ಅನಿಸಿಕೆಯನ್ನು ಮೂವತ್ತು ಸಾಲು ಮಾಡಿ ಓದಿದ ದಿನಗಳೂ ಇದ್ದವು. ಮಾವ ಕೆಮ್ಮುತ್ತಿದ್ದರು. "ಆ ಬೆಕ್ಕು ಇಷ್ಟೆಲ್ಲ ಮಾತಾಡಿತೇನೇ?"

ಸೋಮವಾರದ ನಂತರ ಆ ಓದೂ ಕೆಟ್ಟಿತು. ಮಂಗಳವಾರ ಅವಳು ಎರಡು ಪುಟ ಒಟ್ಟಿಗೆ ಮಗುಚಿದಳು. ದಂತವೈದ್ಯರ ಮನೆಯಲ್ಲಿ ಬೆಕ್ಕು ಮಲಗಿತು. ಬುಧವಾರ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ನೀರು ಕುಡಿಯುವ ನೆವದಲ್ಲಿ ಏಳು ಸಲ ಎದ್ದಳು. ಬೇಡ ಅನ್ನುವುದಕ್ಕೂ ಒಂದು ಬಾಯಿ ಬೇಡವೇ? 'ಇಲ್ಲ ಮೇಡಂ, ನಿಮ್ಮಿಷ್ಟ' ಎಂದಿದ್ದರೆ ಒಂದು ಸಲ ಅತ್ತು ಮುಗಿಸುತ್ತಿದ್ದಳು. ಕಲ್ಲಿನ ಹಾಗೆ ಇದ್ದುಬಿಟ್ಟನಲ್ಲ.

ಮಾವನ ಹೆಂಡತಿ, ಅತ್ತೆ ಮಾತ್ರ ಬಿಡಲಿಲ್ಲ. "ಆ ಹುಡುಗ ಒಳ್ಳೆಯವನು, ಬೇರೆ ಊರಲ್ಲಿ ಒಳ್ಳೆ ಕೆಲಸ. ನಿನ್ನ ಮನಸ್ಸಲ್ಲಿ ಯಾರಾದ್ರೂ ಇದ್ರೆ ಹೇಳಿಬಿಡು, ಇಲ್ಲಾಂದ್ರೆ ಭಾನುವಾರ ಹೂಂ ಅನ್ನು" ಎಂದರು. ಇದ್ದಾನೆ ಎನ್ನಲು ಅವಳಿಗೆ ಧೈರ್ಯ ಸಾಲಲಿಲ್ಲ, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಶುಕ್ರವಾರ ಒಂದು ದೂರು ಬಂತು. ಫೋನಿನಲ್ಲಿ ಮುದಿ ದನಿ, ಆದರೆ ಗಟ್ಟಿ. "ನಿಮ್ಮ ಪೆಟ್ಟಿಗೇಲಿ ಹಾಡೋಳು ಬಲಗಡೆ ಗೋಡೆಗೆ ಒರಗಿಕೊಂಡುಬಿಟ್ಟಿದ್ದಾಳೆ. ನಡುವೆ ಬರ್ತಾನೇ ಇಲ್ಲ. ಬಂದು ನೋಡಿ."

ಮಾವ ಇಬ್ಬರನ್ನೂ ಕಳಿಸಿದರು. "ಅವನು ಪೆಟ್ಟಿಗೆ ನೋಡಲಿ, ನೀನು ಅಜ್ಜಿಯನ್ನು ನೋಡ್ಕೋ."

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದ ಕೂಡಲೇ ಬಡಗಿ ಎಡಸಾಲಿನಲ್ಲಿ ಕಿಟಕಿಯ ಸೀಟು ಹಿಡಿದ.

"ಚಿಕ್ಕ ಮಕ್ಕಳ ಹಾಗೆ ಕಿಟಕಿ ಬೇಕು ನಿಮಗೆ," ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ. "ಹೋದ ಸಲವೂ ಹೀಗೇ."

"ಹೂಂ ಮೇಡಂ," ಎಂದು ಅವನು ಹೊರಗೆ ನೋಡಿದ. ಕೆನ್ನೆ ತುಸು ಕೆಂಪಾಗಿತ್ತು.

"ನಾಳೆ ಭಾನುವಾರ," ಎಂದಳು ಅವಳು, ತನಗೇ ಹೇಳಿಕೊಂಡಂತೆ.

"ಹೌದಲ್ಲ, ರಜೆ," ಎಂದ ಅವನು. ಅವಳು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದಳು.

ದೂರು ಕೊಟ್ಟ ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಓಣಿಯವರೆಲ್ಲ ಈಗಲೂ ಆಪರೇಟರಮ್ಮ ಎನ್ನುತ್ತಿದ್ದರು. ತಿರುಗುವ ಕುರ್ಚಿಯಲ್ಲಿ ಕೂತಿದ್ದರು. ಎದುರಿನ ಶೆಲ್ಫಿನಲ್ಲಿ, ನಿಘಂಟುಗಳ ಅತ್ತ ಒಂದು ಇತ್ತ ಒಂದು, ಬಡಗಿ ಮಾಡಿದ ಪೆಟ್ಟಿಗೆಗಳು. ಸೊಸೆ ಕಾಫಿ ತಂದಿಟ್ಟು ಬಾಗಿಲಲ್ಲಿ ನಿಂತಳು.

"ಮೊದಲು ಎಡಗಡೆದು ಕೆಟ್ಟಿದೆ ಅಂದ್ಕೊಂಡ್ವಿ," ಎಂದರು ಆಪರೇಟರಮ್ಮ. "ಸೊಸೆ ಎರಡನ್ನೂ ಅದಲು ಬದಲು ಮಾಡಿಟ್ಟಳು. ಆದ್ರೂ ಹಾಡೋಳು ಆ ಬಲಗಡೆ ಗೋಡೆ ಬಿಟ್ಟು ಬರಲ್ಲ ಅಂತಾಳೆ. ಎಷ್ಟು ಹಟ ನೋಡು."

ತಂತಿ ಮುಟ್ಟಿ ನೋಡುತ್ತಿದ್ದ ಬಡಗಿಯ ಕೈ ಅಲ್ಲೇ ನಿಂತಿತು.

"ಬದಲಾಯಿಸಿದ ಮೇಲೂ ಬಲಗಡೆಯೇನಾ?"

"ಬಲಗಡೆಯೇ."

ಅವನು ಎದ್ದ. ಒಂದು ಹಾಡು ಹಾಕಿದ. ಆಮೇಲೆ ಆಪರೇಟರಮ್ಮನ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿ, ಅವರ ಬೆನ್ನು ಶೆಲ್ಫಿಗೆ ಬರುವ ಹಾಗೆ ಮಾಡಿದ. "ಈಗ ಎಲ್ಲಿದ್ದಾಳೆ?"

"ಅಯ್ಯೋ! ಆ ಗೋಡೆ ಬಿಟ್ಟು ಈ ಗೋಡೆಗೆ ಓಡಿಬಂದಳಲ್ಲೋ! ನಿನ್ನನ್ನ ಕಂಡ್ರೆ ಭಯವಾ ಅವಳಿಗೆ?"

ಸೊಸೆ ನಕ್ಕಳು. ಬಡಗಿ ನಗಲಿಲ್ಲ. ಬಾಗಿಲು ನೋಡಿದ, ಪೆಟ್ಟಿಗೆ ನೋಡಿದ, ರಿಜಿಸ್ಟರ್ ಹಿಡಿದು ಕೂತ ಅವಳನ್ನು ನೋಡಿದ. ಕರವಸ್ತ್ರ ತೆಗೆದು ಒದ್ದೆಯಿಲ್ಲದ ಕೈ ಒರೆಸಿಕೊಂಡ. ಅವನನ್ನು ಅಷ್ಟು ಚಡಪಡಿಕೆಯಲ್ಲಿ ಅವಳು ಎಂದೂ ಕಂಡಿರಲಿಲ್ಲ.

"ಪೆಟ್ಟಿಗೇನ ವರ್ಕ್‌ಶಾಪಿಗೆ ತಗೊಂಡು ಹೋಗಿ..." ಎಂದು ಶುರು ಮಾಡಿ ನಿಲ್ಲಿಸಿದ. ಹಾಡನ್ನೂ ನಿಲ್ಲಿಸಿದ. ಆಪರೇಟರಮ್ಮನ ಬಲಗಡೆಗೆ ಬಂದು ನೆಲದ ಮೇಲೆ ಕೂತ.

"ಅಮ್ಮಾ, ಪೆಟ್ಟಿಗೆ ಸರಿಯಾಗೇ ಇದೆ. ನಿಮ್ಮ ಎಡಗಿವಿಗೆ ಕೇಳಿಸೋದು ಕಮ್ಮಿ ಆಗಿದೆ."

"ಯಾವ ಡಾಕ್ಟರು ಹೇಳಿದ್ದು?"

"ಯಾರೂ ಹೇಳಿಲ್ಲ. ನನಗೂ ಹಾಡೋಳು ಬಲಗಡೆಗೇ ನಿಲ್ಲೋದು. ಒಂಬತ್ತನೇ ವಯಸ್ಸಲ್ಲಿ ಜ್ವರ ಬಂದು ಎಡಗಿವಿ ಪೂರ್ತಿ ಹೋಯ್ತು. ಪೆಟ್ಟಿಗೆ ಬದಲಾಯಿಸೋದು, ಕುರ್ಚಿ ತಿರುಗಿಸೋದು, ಎಲ್ಲ ನಾನೂ ಮಾಡಿ ನೋಡಿದೀನಿ."

ಅವಳ ಪೆನ್ನು ಕಾಗದದ ಮೇಲೆ ಊರಿಕೊಂಡೇ ಇತ್ತು, ಶಾಯಿ ದುಂಡಗೆ ಹರಡಿತು.

ಎಡಗಿವಿ. ಬಸ್ಸಿನಲ್ಲಿ ಎಡಗಡೆಯ ಕಿಟಕಿ. ಟೀ ಹೊತ್ತಿನಲ್ಲಿ ಓರೆಯಾಗುವ ಕತ್ತು. ಮುಖ ತಿರುಗಿಸಿದ್ದಲ್ಲ ಅದು, ಇದ್ದ ಒಂದು ಕಿವಿಯನ್ನು ಪೂರ್ತಿ ಅವಳಿಗೆ ಕೊಟ್ಟದ್ದು. ಮತ್ತೆ ಸೋಮವಾರ, ಬಲಗಡೆ ಒಣಗುತ್ತಿದ್ದ ಪೆಟ್ಟಿಗೆಗಳು. ತಾನು ನಿಂತದ್ದು ಎಡಗಡೆ.

ಆಪರೇಟರಮ್ಮ ಎಡಗಿವಿಯನ್ನು ಮುಟ್ಟಿಕೊಂಡರು. "ಊರಿನವರ ಮಾತನ್ನೆಲ್ಲ ಮೂವತ್ತೈದು ವರ್ಷ ಇದಕ್ಕೇ ಸುರಿದ್ರು. ತುಂಬಿಹೋಗಿರಬೇಕು."

"ಕಿವಿ ಡಾಕ್ಟರಿಗೆ ತೋರಿಸಿ ಅಮ್ಮಾ. ನಿಮಗೆ ಈಗೀಗ ಬಂದಿರೋದು, ಏನಾದ್ರೂ ಮಾಡಬಹುದು."

"ಅತ್ತೆ," ಎಂದಳು ಸೊಸೆ, ದನಿ ಇಳಿಸಿ. "ನಾನು ಆ ಕಡೆಯಿಂದ ಕರೆದಾಗೆಲ್ಲ ನೀವು ಬೇಕಂತಲೇ ಸುಮ್ಮನಿದ್ದೀರಿ ಅಂದ್ಕೊಂಡು ಮುಖ ಊದಿಸ್ಕೊಂಡಿದ್ದೆ."

"ಅದಕ್ಕೇನೇ ನಾಲ್ಕು ತಿಂಗಳಿಂದ ನನ್ನ ಕಾಫಿ ತಣ್ಣಗಿರ್ತಿದ್ದಿದ್ದು?"

ಸೊಸೆ ನಗುತ್ತಲೇ ಕಣ್ಣೊರೆಸಿಕೊಂಡಳು. ರಿಜಿಸ್ಟರಿನವಳು ತಲೆ ತಗ್ಗಿಸಿದಳು. ಮುಖ ಊದಿಸಿಕೊಂಡವಳು ಆ ಕೋಣೆಯಲ್ಲಿ ಸೊಸೆಯೊಬ್ಬಳೇ ಅಲ್ಲ.

"ಬರ್ಕೋ ಮಗಳೇ, ನನ್ನ ಅನಿಸಿಕೆ," ಎಂದರು ಆಪರೇಟರಮ್ಮ. "ಪೆಟ್ಟಿಗೇಲಿ ದೋಷ ಇಲ್ಲ. ಹಾಡೋಳು ಎಲ್ಲಿ ನಿಂತ್ರೂ ಚೆನ್ನಾಗೇ ಹಾಡ್ತಾಳೆ."

ಹೊರಗೆ ಬಂದ ಮೇಲೆ ಬಡಗಿ ಬೇಗ ಬೇಗ ನಡೆದ. ಅವಳು ಓಡುತ್ತಾ ಸುತ್ತಿಕೊಂಡು ಬಂದು ಅವನ ಬಲಗಡೆ ಸೇರಿದಳು.

"ನಿಮ್ಮ ಮಾವನಿಗೆ ಹೇಳಬೇಡಿ ಮೇಡಂ," ಎಂದ. "ಒಂದೇ ಕಿವಿಯವನಿಗೆ ಜೋಡಿ ಪೆಟ್ಟಿಗೆ ಕೆಲಸ ಯಾರು ಕೊಡ್ತಾರೆ?"

"ಅದಿರ್ಲಿ. ಸೋಮವಾರ ನಾನು ನಿಮ್ಮ ಹತ್ತಿರ ಬಂದು..."

ಬಸ್ಸು ಬಂತು. ಬಡಬಡ ಸದ್ದು. ಹತ್ತಿದ ಮೇಲೆ ಅವನು ಕಿಟಕಿಗೆ ಹೋಗದೆ, ಅಪ್ಪಣೆ ಕೇಳುವವನ ಹಾಗೆ ಅವಳ ಕಡೆ ನೋಡಿದ.

"ಕೂತ್ಕೊಳ್ಳಿ, ಕಿಟಕಿ ನಿಮ್ಮದೇ," ಎಂದಳು ಅವಳು.

"ಸೋಮವಾರ ಏನು ಮೇಡಂ?" ಕೂತ ಮೇಲೆ ಕೇಳಿದ. "ಈ ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲ್ಲ. ಇಳಿದ ಮೇಲೆ ಹೇಳ್ತೀರಾ?"

ಹನ್ನೊಂದು ಸ್ಟಾಪು. ಅವಳು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. ಅವನು ಅವಳನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡುತ್ತಿದ್ದ. ತಿರುವಿನಲ್ಲಿ ಹೆಗಲಿಗೆ ಹೆಗಲು ತಗಲಿತು. ತಿರುವು ಮುಗಿದರೂ ಇಬ್ಬರೂ ಸರಿದು ಕೂರಲಿಲ್ಲ.

ವರ್ಕ್‌ಶಾಪಿನ ಹಿಂದೆ ಸ್ಪೀಕರ್ ಕೇಳಿ ನೋಡುವ ಕೋಣೆಯಿತ್ತು. ಎರಡು ಸ್ಟ್ಯಾಂಡು, ಎರಡು ಪೆಟ್ಟಿಗೆ, ಎದುರಿಗೆ ಒಂದೇ ಕುರ್ಚಿ. ಕಿಟಕಿಯಿಂದ ಸಂಜೆಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಕುರ್ಚಿಯ ಸುತ್ತ ನೆಲವೆಲ್ಲ ಗೀಚುಗೀಚಾಗಿರುವುದು ಆಗ ಅವಳ ಕಣ್ಣಿಗೆ ಬಿತ್ತು.

"ಎಲ್ಲರೂ ಹೋದ ಮೇಲೆ ನಾನೇ ಎಳೆದಾಡ್ತೀನಿ," ಎಂದ ಬಡಗಿ. "ಅತ್ತ ಒಂದು ಬೆರಳು, ಇತ್ತ ಒಂದು ಬೆರಳು. ನನ್ನ ಕೈಯಲ್ಲಿ ಆಗೋದನ್ನೆಲ್ಲ ಮಾಡ್ತೀನಿ, ಆ ನಡುವಿನ ದನಿ ಮಾತ್ರ ನನಗೆ ಸಿಗಲ್ಲ. ನೀವು ಓದಿ ಹೇಳಿದಾಗಲೇ ಅದು ಇದೆ ಅಂತ ನನಗೆ ಗೊತ್ತಾಗೋದು. ಅದಕ್ಕೇ ದಿನಾ ಕೇಳ್ತಿದ್ದೆ."

"ಕೂತ್ಕೊಳ್ಳಿ."

ಅವನು ಕೂತ. ಅವಳು ರಿಜಿಸ್ಟರನ್ನು ಕಿಟಕಿಯಲ್ಲಿಟ್ಟು, ಎರಡು ಪೆಟ್ಟಿಗೆಗಳ ನಡುವೆ ಹೋಗಿ ನಿಂತಳು. ಬಿಸಿಲು ಅವಳ ಸೊಂಟದವರೆಗೆ ಬಂತು.

"ಹಾಡೋಳು ನಿಂತಿರೋದು ಇಲ್ಲೇ," ಎಂದಳು. "ಸರಿಯಾಗಿ ನೋಡ್ಕೊಳ್ಳಿ. ಈಗ ಸೋಮವಾರದ ಮಾತು ಕೇಳಿ. ಅತ್ತೆ ಒಂದು ಸಂಬಂಧ ತಂದಿದ್ದಾರೆ. ನಾಳೆ ಉತ್ತರ ಹೇಳಬೇಕು. ನೀವು ಬೇಡ ಅಂದ್ರೆ ಬೇಡ ಅಂತೀನಿ. ಇದನ್ನ ನಿಮ್ಮ ಎಡಗಡೆ ನಿಂತು ಹೇಳಿದ್ದೆ."

ಅವನ ಮುಖದಿಂದ ಬಣ್ಣ ಇಳಿಯಿತು, ಮತ್ತೆ ಏರಿತು. "ಆರು ದಿನ," ಎಂದ. "ಆರು ದಿನ ನೀವು..." ಕುರ್ಚಿಯ ಕೈ ಹಿಡಿದುಕೊಂಡ. ಆಮೇಲೆ, ತುಟಿ ಮಾತ್ರ ಅಲುಗುವಷ್ಟು ಮೆಲ್ಲಗೆ, ಏನೋ ಹೇಳಿದ.

ಅವಳಿಗೆ ಕೇಳಿಸಿತು. ಎರಡು ಕಿವಿಗೂ ಚೆನ್ನಾಗಿ ಕೇಳಿಸಿತು. ಆದರೆ ಆರು ದಿನದ ಬಾಕಿ ಇತ್ತಲ್ಲ.

"ಏನಂದ್ರಿ? ಕೇಳಿಸಲಿಲ್ಲ."

"ಬೇಡ ಅನ್ನಿ ಅಂದೆ."

"ಯಾರಿಗೆ?"

"ಅವರಿಗೆ!" ಅವನು ಎದ್ದೇ ನಿಂತ. ದನಿ ಎಷ್ಟು ಏರಿತೆಂದರೆ ಪೆಟ್ಟಿಗೆಯೊಳಗಿನ ಕಾಗದದ ಕೋನ್ ಗುಂಯ್ ಎಂದಿತು. "ಬೇಡ ಅನ್ನಿ! ನನಗೆ... ನನಗೆ ನೀನು ಬೇಕು."

ಮೇಡಂ ಇಲ್ಲ, ನೀವು ಇಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಮತ್ತೆ ಸುತ್ತಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ನನಗೂ ಕೇಳಿಸ್ತು ಕಣೋ!" ಹೊರಗಿನಿಂದ ಮಾವನ ದನಿ. "ಬೀದಿಗೂ ಕೇಳಿಸ್ತು!"

ಬಡಗಿ ಬೆಚ್ಚಿದ. ಬಾಗಿಲಲ್ಲಿ ಮಾವ, ಕೈಯಲ್ಲಿ ತಂತಿಯ ಸುರುಳಿ.

"ಸಾರ್, ನನ್ನ ಕಿವಿ..."

"ಗೊತ್ತು. ಐದು ವರ್ಷದಿಂದ ನಿನ್ನ ಬಲಗಡೆ ನಿಂತೇ ಮಾತಾಡ್ತಿದ್ದೀನಲ್ಲ, ಸುಮ್ಮನೆ ಅಂದ್ಕೊಂಡ್ಯಾ? ಇವಳಿಗೆ ಹೇಳೋಣ ಅಂತಿದ್ದೆ. ನೀನೇ ಹೇಳ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ." ಮಾವ ಅವಳ ಕಡೆ ತಿರುಗಿದರು. "ನಿಮ್ಮತ್ತೆಗೆ ಈಗಲೇ ಫೋನ್ ಮಾಡ್ಲಾ, ಇಲ್ಲಾ ನಾಳೆ ನೀನೇ ಹೇಳ್ತೀಯಾ?"

"ನಾನೇ ಹೇಳ್ತೀನಿ ಮಾವ."

ಮಾವ ಹೋದರು. ಅವಳು ತನ್ನ ಸ್ಟೂಲನ್ನು ವರ್ಕ್‌ಶಾಪಿನಿಂದ ಎಳೆದು ತಂದಳು. ಆ ಕೋಣೆಗೆ ಎರಡನೇ ಆಸನ ಬಂದದ್ದು ಅಂದೇ ಮೊದಲು.

ಅವನು ಹಾಡು ಹಾಕಿ ಬಂದು ಕೂತ. ಅವಳು ಸ್ಟೂಲನ್ನು ಅವನ ಬಲಗಡೆಗೆ, ಕುರ್ಚಿಗೆ ತಾಗಿಸಿ ಇಟ್ಟುಕೊಂಡಳು. ಅಲ್ಲಿಂದ ಅವಳಿಗೂ ಹಾಡುವವಳು ನಡುವೆ ಇರಲಿಲ್ಲ, ಒಂದು ಗೇಣು ಬಲಕ್ಕೆ ಸರಿದಿದ್ದಳು.

"ನಡುವೆ ಹೇಗಿದೆ?" ಎಂದು ಅವನು ಕೇಳಿದ.

ಅವಳು ಅವನ ಕಿವಿಯ ಹತ್ತಿರ ಬಾಗಿದಳು. ಅನಿಸಿಕೆ ಉದ್ದವಿತ್ತು, ಓದಿ ಮುಗಿಸಲು ಅವಳಿಗೆ ಆತುರವಿರಲಿಲ್ಲ.